ಹೊಟ್ಟೆನೀರು ಎಂಬ ಮಾತು ಮತ್ತು ಡಾ. ಅಕ್ಕನಾಗಮ್ಮ

ದಾವಣಗೆರೆ–ಹರಿಹರ ಸೀಮೆಯ ಸ್ತ್ರೀರೋಗ ಚಿಕಿತ್ಸೆಯ ಚರಿತ್ರೆಯನ್ನು ಯಾರಾದರೂ ಬರೆಯಲು ಕುಳಿತರೆ, ಡಾ. ಅಕ್ಕನಾಗಮ್ಮನವರ ಹೆಸರನ್ನು ಮೊದಲ ಪುಟಗಳಲ್ಲಿಯೇ ಬರೆಯಬೇಕಾಗುತ್ತದೆ. ಮಲೆಬೆನ್ನೂರಿನ ಗದ್ದೆಗಳಲ್ಲಿ ನಾಟಿ ಹಚ್ಚುವವರಿಂದ ಹಿಡಿದು ದಾವಣಗೆರೆಯ ಪೇಟೆಯ ಅಂಗಡಿ ಮನೆತನಗಳ ಸೊಸೆಯಂದಿರವರೆಗೆ, ಈ ಸೀಮೆಯ ಹೆಂಗಸರು ತಮ್ಮ ಗಂಡಂದಿರಿಗೂ ಹೇಳದ ಸಂಕಟಗಳನ್ನು ಹರಿಹರದ ಹೊಳೆದಂಡೆ ಆಸ್ಪತ್ರೆಯ ಅವರ ಮೇಜಿನ ಮುಂದೆ ಹೇಳಿಕೊಂಡರು. ಅವರ ಕೈಯಲ್ಲಿ ಹುಟ್ಟಿದ ಹುಡುಗಿಯರೇ ಬಸುರಿಯರಾಗಿ ಬಂದು ಅದೇ ಬೆಂಚಿನ ಮೇಲೆ ಸರದಿಗೆ ಕುಳಿತರು. ಅಂಥವರು ಈ ವರ್ಷ ನಿವೃತ್ತರಾಗಿದ್ದಾರೆ.

ಅಭಿನಂದನ ಗ್ರಂಥಗಳಲ್ಲಿ ಎಲ್ಲರೂ ಮೃದುಭಾಷಿಗಳು, ಎಲ್ಲರೂ ಅಜಾತಶತ್ರುಗಳು. ಡಾಕ್ಟರಮ್ಮ ಎರಡೂ ಅಲ್ಲ. ಈ ಗ್ರಂಥದ ಪ್ರಸ್ತಾಪ ಹಿಡಿದು ಅವರ ಶಿಷ್ಯವೃಂದ ಮನೆಗೆ ಹೋದಾಗ, ಕೂಡ್ರಿ ಎಂದು ಚಹಾ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಹೇಳಿದರು: “ಬರೆಯಾದಾದ್ರೆ ಖುರ್ಷೀದಾನ್ ವಿಷಯ ಬರೀರಿ. ಇಲ್ಲಾಂದ್ರೆ ಪುಸ್ತಕಾನೇ ಬ್ಯಾಡ. ಸುಳ್ಳು ಹಾರ ಹಾಕ್ಕಂಡು ನಿಂತ್ಕಳ್ಳಾಕೆ ನನ್ ಕೈಲಿ ಆಗಲ್ಲ.” ಖುರ್ಷೀದಾ ಅವರ ಹಳೆಯ ರೋಗಿ, ಆಕೆಯ ಮಗಳು ಸುಮೈರಾ ಒಪ್ಪಿದ ಮೇಲೆಯೇ ಈ ಲೇಖನವನ್ನು ಬರೆದಿರುವುದು. ಸಂತೋಷದ ಸಂದರ್ಭಕ್ಕೆ ಇದು ಹೊಂದುವುದಿಲ್ಲವೆಂದು ಕೆಲವು ಹಿರಿಯರಿಗೆ ಅನ್ನಿಸಿತು. ಹೊಂದುವುದಿಲ್ಲ, ನಿಜ.

ದಾವಣಗೆರೆಯ ಹತ್ತಿ ದಲ್ಲಾಳಿ ಕೊಟ್ಟೂರಪ್ಪನವರ ಮಗಳಾಗಿ ಹುಟ್ಟಿ, ತಂದೆಯ ಗಟ್ಟಿ ದನಿಯನ್ನೂ ಅಂಗಡಿಯ ಮಾತಿನ ಚುರುಕನ್ನೂ ಪಡೆದುಕೊಂಡ ಅಕ್ಕನಾಗಮ್ಮನವರು, ವೈದ್ಯಕೀಯ ಓದು ಮುಗಿಸಿ ಹೊಳೆದಂಡೆ ಆಸ್ಪತ್ರೆಗೆ ಸೇರಿದಾಗ ಅಲ್ಲಿ ಹೆರಿಗೆಯ ಮೇಜು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ದಿನವೂ ದಾವಣಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಸ್ಸಿನಲ್ಲೇ ಅರ್ಧ ಹೊರರೋಗಿ ವಿಭಾಗ ನಡೆದುಹೋಗುತ್ತಿತ್ತು ಎಂದು ಹಳೆಯ ಕಂಡಕ್ಟರುಗಳು ಈಗಲೂ ಹೇಳಿ ನಗುತ್ತಾರೆ. ಆಪರೇಷನ್ ಆದ ಹೆಂಗಸನ್ನು ಬೇಗ ಮನೆಗೆ ಕಳಿಸಿದರೆ ಆಕೆ ಕಳೆ ಕೀಳಲು ಹೋಗುತ್ತಾಳೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಅತ್ತೆಯರನ್ನು ಕರೆದು, “ಸೊಸೆ ಹೊಲಿಗೆ ಬಿಚ್ಚಿತು ಅಂದ್ರೆ ನಿಮ್ಮನ್ನ ಅಡ್ಮಿಟ್ ಮಾಡ್ಕಂತೀನಿ” ಎಂದು ಗದರುತ್ತಿದ್ದರು. ಅತ್ತೆಯರು ಹೆದರುತ್ತಿದ್ದರು.

ಆ ಕಾಲದಲ್ಲಿ ಆನಗೋಡಿನ ಕಡೆಯಿಂದ ಮರಿಯವ್ವ ಎಂಬ ಕೂಲಿ ಹೆಂಗಸು ಮುರಿದ ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ಬಂದಳು. ನೋಡಿದರೆ ಮುದುಕಿ, ವಯಸ್ಸು ಕೇಳಿದರೆ ನಲವತ್ತೂ ದಾಟಿರಲಿಲ್ಲ. ಬಿಳಿಮುಟ್ಟು ಎಂದು ಎಲ್ಲಿಗೋ ತೋರಿಸಲು ಹೋದವಳಿಗೆ ಗರ್ಭಕೋಶವನ್ನೂ, ಅದರ ಜೊತೆಗೆ ಎರಡು ಅಂಡಾಶಯಗಳನ್ನೂ ತೆಗೆದು ಕಳಿಸಿದ್ದರು. ಅಂಡಾಶಯ ಹೋದ ಮೇಲೆ ಮೈಯ ಕಾವು ಕೆಟ್ಟಿತು, ನಿದ್ದೆ ಹೋಯಿತು, ಮೂಳೆ ಟೊಳ್ಳಾಯಿತು, ಬಿಂದಿಗೆ ಎತ್ತುವಾಗ ಕೈ ಮುರಿಯಿತು. “ಏನೇನ್ ತಗುದ್ರು ಅಂತ ಕೇಳ್ಲಿಲ್ವೇನವ್ವಾ?” ಎಂದರೆ, “ಪೂರ್ತಿ ತಗೀತೀವಿ ಅಂದ್ರು. ಪೂರ್ತಿ ಅಂದ್ರೆ ಒಳ್ಳೇದೇ ಇರ್ಬೇಕು ಅನ್ಕಂಡೆ” ಎಂದಳು ಮರಿಯವ್ವ.

ಅಂದಿನಿಂದ ಡಾಕ್ಟರಮ್ಮ ಅಂಡಾಶಯದ ಪಕ್ಷ ಹಿಡಿದರು. ಅಂಡಾಶಯವೆಂಬ ಪುಸ್ತಕದ ಮಾತು ಯಾರ ಬಾಯಿಗೂ ಹತ್ತದೆಂದು ಅದಕ್ಕೆ ಬಾದಾಮಿ ಎಂದು ಹೆಸರಿಟ್ಟರು. “ಗರ್ಭಚೀಲದ ಆಚೀಚೆ ಬಾದಾಮಿಯಂಗೆ ಎರಡು ಅದಾವೆ. ಚೀಲ ಹೋದ್ರೆ ಹೋಗ್ಲಿ, ಬಾದಾಮಿ ಇರ್ಲಿ” ಎಂಬುದು ಅವರ ಮಾತು. ಚಿಕ್ಕ ವಯಸ್ಸಿನ ಹೆಂಗಸಿಗೆ, ಕಾರಣವಿಲ್ಲದೆ, ಕೇಳದೆ, ಅಂಡಾಶಯ ತೆಗೆಯಬಾರದೆಂದು ಅವರು ಸಭೆಗಳಲ್ಲಿ ಜಗಳ ಕಾಯ್ದರು, ಶಿಷ್ಯರ ತಲೆಗೆ ತುಂಬಿದರು, ಪರ ಊರಿನ ಸರ್ಜನ್ನರೊಡನೆ ಮಾತು ಬಿಟ್ಟರು. ಬಾದಾಮಿ ಡಾಕ್ಟರು ಎಂದು ಹೆಸರೇ ಬಿತ್ತು. ಅವರು ಉಳಿಸಿದ್ದರಿಂದ ಎಷ್ಟೋ ಹೆಂಗಸರು ಬೆನ್ನು ಬಾಗದೆ ಮುಪ್ಪಿಗೆ ಕಾಲಿಟ್ಟರು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಮುಂದಿನದು ಈ ಸರಿಯಾದ ಮಾತಿನ ಒಳಗೇ ನಡೆಯಿತು.

ಖುರ್ಷೀದಾ ಹರಿಹರದವಳೇ. ಗಂಡ ಜಮಾಲುದ್ದೀನ್ ಅಲಮಾರಿ, ಮಂಚ ಮಾಡುವ ಕಸುಬಿನವನು. ಆಕೆ ಮನೆಯಲ್ಲಿ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ಗರ್ಭಕೋಶದಲ್ಲಿ ಗಡ್ಡೆ, ತಿಂಗಳಿಗೆ ಎರಡು ಸಲ ಸ್ರಾವ, ಮೈಯಲ್ಲಿ ರಕ್ತವೇ ಇಲ್ಲ. ಮಾತ್ರೆ, ಇಂಜೆಕ್ಷನ್ ಎಲ್ಲ ಮುಗಿದು, ಗರ್ಭಕೋಶ ತೆಗೆಯುವುದೊಂದೇ ದಾರಿ ಎಂದಾದಾಗ ಡಾಕ್ಟರಮ್ಮ ಎಂದಿನಂತೆ ಬಾದಾಮಿಯ ಮಾತು ತೆಗೆದರು. ಸ್ಕ್ಯಾನಿನಲ್ಲಿ ಎರಡೂ ಚೆನ್ನಾಗಿವೆ, ವಯಸ್ಸು ನಲವತ್ತರ ಆಸುಪಾಸು, ಉಳಿಸೋಣ ಎಂದರು. ಯಾವತ್ತೂ ಎದುರು ಮಾತಾಡದ ಖುರ್ಷೀದಾ ಅಂದು ತಲೆ ಎತ್ತಿದಳು.

“ಅವನ್ನೂ ತಗದ್‌ಬಿಡ್ರಿ ಅಮ್ಮಾ. ನಂಗ್ ಭಯ ಐತೆ.”

“ಯಾತರ ಭಯ?”

ಖುರ್ಷೀದಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಹೇಳಲು ಬಾಯಿ ತೆರೆದಳು ಕೂಡ. ಹೊರಗೆ ಸರದಿ ಬಾಗಿಲವರೆಗೂ ಬೆಳೆದಿತ್ತು. ಡಾಕ್ಟರಮ್ಮ ಕಾಯಲಿಲ್ಲ. ಪುಸ್ತಕ ಹೇಳಿಕೊಟ್ಟ ಪ್ರಶ್ನೆಯನ್ನು ತಾವೇ ಮುಂದಿಟ್ಟರು: “ನಿಮ್ ತಾಯಿಗೆ, ತಾಯಿ ಕಡೇರಿಗೆ ಯಾರಿಗಾದ್ರೂ ಕ್ಯಾನ್ಸರ್ ಆಗಿತ್ತಾ?”

“ಇಲ್ರಿ. ಅಂಥಾದ್ದು ನಮ್ ಮನೆತನದಾಗೆ ಯಾರಿಗೂ ಬಂದಿಲ್ಲ.”

“ಮತ್ಯಾಕ ಭಯ? ಸುಮ್ನಿರು ತಾಯಿ. ತಗುದ್ರೆ ಏನಾಗ್ತದೆ ಅಂತ ನಾನು ನೋಡೀನಿ.” ಮರಿಯವ್ವನ ಕಥೆ ಹೇಳಿದರು. ಖುರ್ಷೀದಾ ತಲೆಯಾಡಿಸಿದಳು. ಡಾಕ್ಟರಮ್ಮ ಹೇಳಿದ ಮೇಲೆ ಮುಗಿಯಿತಲ್ಲ.

ಆಪರೇಷನ್ ಸೊಗಸಾಗಿ ಆಯಿತು. ಖುರ್ಷೀದಾಳ ಮುಖದಲ್ಲಿ ರಕ್ತ ತುಂಬಿತು. ಪ್ರತಿ ರಂಜಾನಿಗೆ ಆಕೆಯ ಮನೆಯಿಂದ ಡಾಕ್ಟರಮ್ಮನಿಗೆ ಹಬ್ಬದ ಶಾವಿಗೆ ಪಾಯಸ ಸುರಕುಂಬಾ ಬರುತ್ತಿತ್ತು, ಮೇಲೆ ಸಿಪ್ಪೆ ಸುಲಿದ ಎರಡೇ ಎರಡು ಬಾದಾಮಿ ಇಟ್ಟು. ಅದು ಅವರಿಬ್ಬರ ತಮಾಷೆ. ಡಾಕ್ಟರಮ್ಮ ಶಿಷ್ಯರಿಗೆ ತೋರಿಸಿ ನಗುತ್ತಿದ್ದರು.

ಕೆಲವು ವರ್ಷ ಹೀಗೆಯೇ ಕಳೆಯಿತು. ಒಂದು ರಂಜಾನಿಗೆ ಸುರಕುಂಬಾ ಬರಲಿಲ್ಲ. ಅದಾದ ಕೆಲವೇ ದಿನಗಳಲ್ಲಿ ಖುರ್ಷೀದಾಳೇ ಬಂದಳು. ಕೈಕಾಲು ಕಡ್ಡಿ, ಕೆನ್ನೆ ಒಳಗೆ ಹೋಗಿವೆ, ಹೊಟ್ಟೆ ಮಾತ್ರ ತುಂಬು ಬಸುರಿಯಷ್ಟು. ಕುರ್ಚಿಯಲ್ಲಿ ಕಷ್ಟಪಟ್ಟು ಕುಳಿತು, ನೆಗಡಿಯ ವಿಷಯ ಹೇಳುವ ದನಿಯಲ್ಲಿ ಹೇಳಿದಳು: “ಹೊಟ್ಟೆನೀರು ಬಂದೈತ್ರಿ ಅಮ್ಮಾ. ನಮ್ ಅಮ್ಮಿಗೂ ಹಿಂಗೇ ಬಂದಿತ್ತು. ಖಾಲಾಗೂ. ಇಬ್ರೂ ಇದ್ರಾಗೇ ಹೋದ್ರು.”

ಡಾಕ್ಟರಮ್ಮನ ಕೈಯಲ್ಲಿದ್ದ ಪೆನ್ನು ಕೈಯಲ್ಲೇ ಉಳಿಯಿತು.

ಓದಿದವರಿಗೆ ವಿವರಿಸಬೇಕಾಗಿಲ್ಲ, ಓದದವರಿಗಾಗಿ ಒಂದು ಮಾತು. ಅಂಡಾಶಯದ ಕ್ಯಾನ್ಸರು ಹೆಚ್ಚಿನ ಸಲ ಸದ್ದಿಲ್ಲದೆ ಬೆಳೆದು, ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿಸಿಕೊಂಡು ಹೊರಬೀಳುತ್ತದೆ. ಹಿಂದೆ ಹೆಂಗಸರು ಅಷ್ಟರಲ್ಲಿ ಮುಗಿದೇ ಹೋಗುತ್ತಿದ್ದರು. ಯಾರೂ ಅದಕ್ಕೆ ಕ್ಯಾನ್ಸರ್ ಎನ್ನಲಿಲ್ಲ. ಹೊಟ್ಟೆನೀರು ಬಂದು ಸತ್ತಳು ಎಂದರು, ಮಣ್ಣು ಮಾಡಿದರು. ತಾಯಿಗೂ ಚಿಕ್ಕಮ್ಮನಿಗೂ ಅದು ಬಂದಿದ್ದರೆ ಮಗಳ ಅಂಡಾಶಯಗಳನ್ನು ಉಳಿಸುವ ಮೊದಲು ಹತ್ತು ಸಲ ಯೋಚಿಸಬೇಕೆಂಬುದು ಡಾಕ್ಟರಮ್ಮನಿಗೆ ಕರತಲಾಮಲಕ. ಹೊಟ್ಟೆನೀರು ಎಂಬ ಮಾತು ಅಂದು ಕಿವಿಗೆ ಬಿದ್ದಿದ್ದರೆ ಸಾಕಿತ್ತು. ಅವರು ಕ್ಯಾನ್ಸರ್ ಎಂದು ಕೇಳಿದರು, ಆಕೆ ಇಲ್ಲವೆಂದಳು. ಇಬ್ಬರೂ ಸುಳ್ಳು ಹೇಳಲಿಲ್ಲ.

ದಾವಣಗೆರೆಯಲ್ಲಿ ಆಪರೇಷನ್, ಆಮೇಲೆ ಕೀಮೋ, ಮತ್ತೆ ನೀರು, ಮತ್ತೆ ತೆಗೆಸುವುದು. ಪ್ರತಿ ಸಲವೂ ಡಾಕ್ಟರಮ್ಮ ಜೊತೆಗಿದ್ದರು. ಖುರ್ಷೀದಾ ಒಮ್ಮೆಯೂ ಹಳೆಯ ಮಾತನ್ನು ಎತ್ತಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ ಎಂದು ಡಾಕ್ಟರಮ್ಮ ಹೇಳುತ್ತಾರೆ. ಮುಂದಿನ ರಂಜಾನಿಗೆ ಆಕೆ ಇರಲಿಲ್ಲ.

ಮಣ್ಣಾದ ಮೇಲೆ ಒಂದು ದಿನ ಅವರು ಆ ಮನೆಗೆ ಹೋದರು. ಜಮಾಲುದ್ದೀನ್ ತಾನೇ ಮಾಡಿದ ಹೊಸ ಕುರ್ಚಿಯನ್ನು ಒರೆಸಿ ಕೊಟ್ಟ, ಚಹಾ ತರಿಸಿದ, ನಿಮ್ಮ ಕೈಗುಣದಿಂದ ಇಷ್ಟು ವರ್ಷ ಚೆನ್ನಾಗಿದ್ದಳು ಎಂದ. ಡಾಕ್ಟರಮ್ಮನಿಗೆ ಆ ಕೈಗುಣದ ಮಾತನ್ನು ನುಂಗಿಕೊಂಡು ಎದ್ದುಬರಲು ಆಗಲಿಲ್ಲ. ಆಕೆ ತೆಗೆಯಿರಿ ಎಂದದ್ದನ್ನೂ, ತಾವು ಉಳಿಸಿದ್ದನ್ನೂ ಬಿಡಿಸಿ ಹೇಳಲು ಶುರು ಮಾಡಿದರು. ಆತ ಕೈ ಅಡ್ಡ ಹಿಡಿದ.

“ಬ್ಯಾಡ್ರಿ ಅಮ್ಮಾ. ಅಕೀನ ನಿಮ್ ಮ್ಯಾಲೆ ನಂಬಿಕಿ ಇಟ್ಟು ಕಳ್ಸಿದ್ದೆ. ಅಕಿ ಹೋದ್ಲು. ಆ ನಂಬಿಕಿ ಒಂದಾದ್ರೂ ನಂಗ್ ಇರ್ಲಿ ಬಿಡ್ರಿ.”

ಕ್ಷಮೆ ಕೇಳುವ ಬಾಗಿಲೂ ಹಾಗೆ ಮುಚ್ಚಿಹೋಯಿತು. ಅವರು ಚಹಾ ಕುಡಿದು ಬಂದರು.

ಆಮೇಲಿನ ವರ್ಷಗಳ ಅವರ ಸೇವೆಯನ್ನು ಹೊಗಳುವುದು ಸುಲಭ, ಅವರು ಅದನ್ನು ಸಹಿಸುವುದಿಲ್ಲ. “ಕ್ಯಾನ್ಸರ್ ಐತಾ ಅಂತ ಕೇಳ್ಬ್ಯಾಡ್ರಿ. ನಿಮ್ಮವ್ವ ಹೆಂಗೆ ಹೋದ್ಲು ಅಂತ ಕೇಳ್ರಿ. ಹೊಟ್ಟೆ ಉಬ್ಬಿತ್ತಾ ಅಂತ ಕೇಳ್ರಿ. ಕೇಳಿ ಬಾಯ್ ಮುಚ್ಕಂಡ್ ಕೂಡ್ರಿ” ಎಂದು ಶಿಷ್ಯರಿಗೆ ಕಲಿಸಿದರು. ಇಂದು ಈ ಭಾಗದ ಎಷ್ಟೋ ಆಸ್ಪತ್ರೆಗಳಲ್ಲಿ ಅವರ ಶಿಷ್ಯರು ಕೇಳುವುದು ಈ ಪ್ರಶ್ನೆಯನ್ನೇ. ಕೊಂಡಜ್ಜಿ ಎಂಬ ಊರಿನ ಕಡೆಯ ಒಬ್ಬ ಹೆಂಗಸು ಇದರಿಂದಲೇ ಉಳಿದಳು ಎಂದು ಶಿಷ್ಯನೊಬ್ಬ ಸಂಭ್ರಮದಿಂದ ಹೇಳಿದಾಗ, “ಕಲಿಯಾಕೆ ಒಬ್ಬಳ ಹೆಣ ಬೇಕಾಯ್ತು ನಂಗೆ” ಎಂದು ಎದ್ದು ಹೋದರು. ಆಪರೇಷನ್ನಿಗೆ ಮುಂಚೆ ಕೈ ತೊಳೆಯುವಾಗ ಸುಮ್ಮನೆ ನಿಂತುಬಿಡುತ್ತಿದ್ದರು, ನೀರು ಹರಿಯುತ್ತಲೇ ಇರುತ್ತಿತ್ತು. ತೆಗೆದರೆ ಮರಿಯವ್ವ, ಬಿಟ್ಟರೆ ಖುರ್ಷೀದಾ. ಜೀವಮಾನವೆಲ್ಲ ಖಚಿತವಾಗಿ ಮಾತಾಡಿದ ಹೆಂಗಸಿಗೆ ಮಾತು ಬಾಯಲ್ಲೇ ಒಣಗತೊಡಗಿತು. ನಿವೃತ್ತಿಯ ದಿನ ಬಂದಾಗ ಅವರಿಗೆ ಆದದ್ದು ದುಃಖವಲ್ಲ, ಬಿಡುಗಡೆ. ಹಾಗೆಂದು ಅವರೇ ಅಂದುಕೊಂಡಿದ್ದರು.

ಆ ದಿನವೇ, ಹಾರ ತುರಾಯಿಗಳೆಲ್ಲ ಮುಗಿದು, ಅವರು ಖಾಲಿ ಮೇಜಿನ ಮುಂದೆ ಕುಳಿತಿದ್ದಾಗ ಸುಮೈರಾ ಬಂದಳು. ಈಗ ಮೂವತ್ತು ದಾಟಿದ ಗೃಹಿಣಿ. ತಾಯಿಯ ಕಾಯಿಲೆ ರಕ್ತದಲ್ಲಿ ಇಳಿದು ಬರುವಂಥದ್ದೋ ಎಂದು ನೋಡಲು ಆಕೆಗೆ ಪರೀಕ್ಷೆ ಮಾಡಿಸಿದ್ದವರು ಡಾಕ್ಟರಮ್ಮನೇ. ಆ ದೋಷ ಮಗಳಿಗೂ ಇಳಿದು ಬಂದಿತ್ತು. ಮೊದಲೇ ಸುಮೈರಾಳಿಗೂ ಗರ್ಭಕೋಶದಲ್ಲಿ ಗಡ್ಡೆ, ಅದೇ ಸ್ರಾವ. ಗರ್ಭಕೋಶ ತೆಗೆಯುವಾಗ ಎರಡು ಅಂಡಾಶಯಗಳನ್ನೂ ತೆಗೆದುಬಿಡುವುದೇ ಒಳ್ಳೆಯದೆಂದು ದಾವಣಗೆರೆಯ ತಜ್ಞರು ಹೇಳಿದ್ದರು. ತೆಗೆಸಿದರೆ ಈ ವಯಸ್ಸಿಗೇ ಮುಟ್ಟು ನಿಂತ ಮೈ, ಸವೆಯುವ ಮೂಳೆ. ಬಿಟ್ಟರೆ ಅಮ್ಮಿಯ ಹೊಟ್ಟೆ.

“ಏನ್ ಮಾಡ್ಲಿ ಅಮ್ಮಾ? ನೀವು ಹೇಳ್ರಿ.”

“ನನ್ನ ಕೇಳ್ತೀಯಲ್ಲ ತಾಯಿ. ನಿಮ್ಮಮ್ಮಂಗೆ ನಾ ಹೇಳಿದ್ದು ಏನಾಯ್ತು ಅಂತ ನಿಂಗ್ ಗೊತ್ತಿಲ್ವಾ? ಇನ್ ಮ್ಯಾಲೆ ನಾನು ಯಾರಿಗೂ ಹೇಳಾದಿಲ್ಲ. ಇವತ್ತಿಗೆ ಮುಗೀತು.”

ಸುಮೈರಾ ಏಳಲಿಲ್ಲ. “ಹೇಳಾದ್ ಬ್ಯಾಡ ಹಂಗಾರೆ. ಅಮ್ಮಿಗೆ ಒಂದು ಕೇಳಿದ್ರಂತೆ, ಅದನ್ನ ನಂಗೂ ಕೇಳ್ರಿ.”

“ಏನಂತ?”

“ಯಾತರ ಭಯ ಅಂತ. ಡಾಕ್ಟ್ರಮ್ಮ ಕೇಳಿದ್ರು, ನಾನ್ ಹೇಳಾದ್ರೊಳಗೆ ಮಾತು ಬ್ಯಾರೆ ಆತು ಅಂತ ಅಮ್ಮಿ ಅಂತಿದ್ಲು.”

ಹೊಳೆದಂಡೆ ಆಸ್ಪತ್ರೆಯ ಆ ಕೋಣೆಯಲ್ಲಿ ಡಾ. ಅಕ್ಕನಾಗಮ್ಮನವರು ತಮ್ಮ ವೃತ್ತಿಯ ಕೊನೆಯ ಪ್ರಶ್ನೆಯನ್ನು ಕೇಳಿದರು. ಕೇಳಿ, ಬಾಯಿ ಮುಚ್ಚಿಕೊಂಡು ಕುಳಿತರು. ಸುಮೈರಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಅವರು ಕಾದರು.

“ತಗಸ್ಕಂತೀನ್ರಿ. ಎಲುಬು ಮುರುದ್ರೆ ಮುರೀಲಿ. ನನ್ ಭಯ ಅದಲ್ಲ,” ಎಂದಳು ಕೊನೆಗೆ. “ನಂಗೂ ಹೆಣ್ ಕೂಸೈತ್ರಿ.”

ಡಾಕ್ಟರಮ್ಮ ಮೇಜು ಬಳಸಿ ಬಂದು ಸುಮೈರಾಳ ಕೈ ಹಿಡಿದುಕೊಂಡು ಕುಳಿತರು, ಇಬ್ಬರೂ ಅತ್ತರು.

ಬರುವ ತಿಂಗಳು ಸುಮೈರಾಳ ಆಪರೇಷನ್. ಮಾಡುವವರು ಬೇರೆಯವರು, ಡಾಕ್ಟರಮ್ಮ ತಲೆಯ ಹತ್ತಿರ ನಿಂತಿರುತ್ತಾರೆ. ನೂರು ವರ್ಷ ಬಾಳಿ ಎಂದು ಹಿರಿಯರಿಗೆ ಹಾರೈಸುವುದು ನಮ್ಮಲ್ಲಿ ರೂಢಿ. ನೂರರ ಲೆಕ್ಕ ಅವರಿಗೆ ಬೇಕಾಗಿಲ್ಲ. ಸುಮೈರಾಳ ಮಗಳು ಈಗ ಅಂಗನವಾಡಿಗೆ ಹೋಗುತ್ತಿದ್ದಾಳೆ. ಆ ಕೂಸು ಬೆಳೆದು, ತನ್ನ ಭಯವನ್ನು ತಾನೇ ಹೊತ್ತುಕೊಂಡು ಅವರ ಬಾಗಿಲಿಗೆ ಬರುವ ದಿನದವರೆಗೂ ನಮ್ಮ ಡಾಕ್ಟರಮ್ಮನಿಗೆ ಆಯಸ್ಸಿರಲಿ, ಕಿವಿ ಚೆನ್ನಾಗಿ ಕೇಳಿಸುತ್ತಿರಲಿ.