ದಿಂಬಿಗೆ ಬಿದ್ದ ನೂರು ಪೆಟ್ಟು

ನಮ್ಮ ಮನೆಯ ಎರಡು ದಿಂಬುಗಳಲ್ಲಿ ಒಂದಕ್ಕೆ ನಟ್ಟನಡುವೆ ಗುಳಿ ಬಿದ್ದಿತ್ತು. ತಲೆಯಿಟ್ಟ ಕಡೆ ದಿಂಬು ತಗ್ಗಾಗುವುದು ಲೋಕಸಹಜ, ಅದಕ್ಕೊಂದು ಪ್ರಬಂಧವೇಕೆ ಎಂದು ನೀವು ಕೇಳಬಹುದು. ಆದರೆ ಈ ಗುಳಿ ತಲೆಯಿಂದಾದದ್ದಲ್ಲ, ಕೈಯಿಂದಾದದ್ದು. ದಿಂಬನ್ನು ಇಷ್ಟು ಕುಗ್ಗಿಸುವಷ್ಟು ತೂಕದ ಸರಕು ನನ್ನ ತಲೆಯಲ್ಲಿ ಎಂದೂ ಇರಲಿಲ್ಲವೆಂಬುದಕ್ಕೆ ಮೂವತ್ತು ವರ್ಷ ನನ್ನಿಂದ ಸಂಧಿ ಸಮಾಸ ಕಲಿತ ಪಾಂಡವಪುರದ ಮಕ್ಕಳೇ ಸಾಕ್ಷಿ. ನಿವೃತ್ತ ಮೇಷ್ಟರೊಬ್ಬ ದಿನವೂ ನಡುಮನೆಯ ನೆಲದ ಮೇಲೆ ದಿಂಬನ್ನಿಟ್ಟು, ಅದರ ಪಕ್ಕ ಮಂಡಿಯೂರಿ, ಒಂದು ಕೈಯ ಮೇಲೆ ಇನ್ನೊಂದು ಕೈಯಿಟ್ಟು, ಮೈಭಾರವನ್ನೆಲ್ಲ ಬಿಟ್ಟು ಅದುಮುತ್ತಿದ್ದರೆ ಗುಳಿ ಬೀಳದೆ ಇನ್ನೇನಾದೀತು? ಹಾಲು ಹಾಕಲು ಬಂದ ಹೆಂಗಸು ಈ ದೃಶ್ಯವನ್ನು ಕಂಡು, "ಮೇಷ್ಟ್ರಿಗೆ ದಿಂಬ್ನ ಮ್ಯಾಲೆ ಅದೇನ್ ಸಿಟ್ಟವ್ವ" ಎಂದು ನನ್ನ ಹೆಂಡತಿಯನ್ನು ಮೆಲ್ಲಗೆ ವಿಚಾರಿಸಿಕೊಂಡು ಹೋದಳಂತೆ.

ಸಿಟ್ಟಲ್ಲ, ವಿದ್ಯಾಭ್ಯಾಸ. ನಿಂತುಹೋದ ಎದೆಯನ್ನು ಹೊರಗಿನಿಂದ ಅದುಮಿ ಅದುಮಿ, ಆಸ್ಪತ್ರೆಯವರು ಬರುವ ತನಕ ರಕ್ತವನ್ನು ಓಡಾಡಿಸುತ್ತಿರುವ ಸಿಪಿಆರ್ ಎಂಬ ವಿದ್ಯೆಯನ್ನು ನಾನು ಅರವತ್ತೊಂದನೆಯ ವಯಸ್ಸಿನಲ್ಲಿ ಕಲಿಯಬೇಕಾಗಿ ಬಂತು. ಕಾರಣ ನಮ್ಮ ಅಣ್ಣಯ್ಯ. ನಮ್ಮದು ಅಕ್ಕಸಾಲಿಗರ ಮನೆತನ. ವಂಶದ ಸುತ್ತಿಗೆ ಅವನ ಕೈಗೆ ಹೋಯಿತು, ಸೀಮೆಸುಣ್ಣ ನನ್ನ ಕೈಗೆ ಬಂತು. ಅಪ್ಪನ ಮನೆಗೇ ನಡುವೆ ಗೋಡೆಯೆಬ್ಬಿಸಿ ಇಬ್ಬರೂ ಇದ್ದೇವೆ. ಆಚೆ ಮಗ್ಗುಲಿನ ಮುಂದಿನ ಕೋಣೆಯಲ್ಲಿ ಅವನು ಓಲೆ, ಮೂಗುತಿ, ತಾಳಿಗಳನ್ನು ಬಡಿಯುತ್ತಾನೆ. ಈಚೆ ಮಗ್ಗುಲಿನಲ್ಲಿ ನಾನು ಪತ್ರಿಕೆ ಓದುತ್ತೇನೆ. ಹೋದ ವರ್ಷ ಅಣ್ಣಯ್ಯನಿಗೆ ಹೃದಯಾಘಾತವಾಗಿ, ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದ. ಬಿಡುಗಡೆಯ ದಿನ ಡಾಕ್ಟರು, ಮನೆಯಲ್ಲಿ ಯಾರಾದರೊಬ್ಬರು ಸಿಪಿಆರ್ ಕಲಿತಿರುವುದು ಒಳ್ಳೆಯದು ಎಂದು ಹೇಳಿ ನಮ್ಮನ್ನೆಲ್ಲ ಒಮ್ಮೆ ನೋಡಿದರು. ಅತ್ತಿಗೆಗೆ ಮಂಡಿನೋವು, ನನ್ನ ಹೆಂಡತಿ ಆ ಹೊತ್ತಿಗೆ ಸರಿಯಾಗಿ ಮಾತ್ರೆ ತರಲು ಹೋಗಿದ್ದಳು. ಉಳಿದವನು ನಾನೊಬ್ಬನೇ.

ಶ್ರೀರಂಗಪಟ್ಟಣದ ಒಂದು ಸಭಾಂಗಣದಲ್ಲಿ ಒಂದು ದಿನದ ತರಬೇತಿ ಇದೆಯೆಂದು ತಿಳಿದು ಹೊರಟೆ. ಇಪ್ಪತ್ತು ಜನರಿದ್ದೆವು. ಆಟೋದವರು, ಆಶಾ ಕಾರ್ಯಕರ್ತೆಯರು, ಮಾಕವಳ್ಳಿಯಿಂದ ಬಂದಿದ್ದ ಕಬ್ಬಿನ ಲಾರಿಯ ಚಾಲಕರು. ನನ್ನ ಪಕ್ಕದಲ್ಲಿ ಕೂತದ್ದು ನಾಗಮಂಗಲದ ಕಡೆಯ ಕಮ್ಮಾರ ಸಿದ್ದಾಚಾರಿ. ಕುಲುಮೆಯ ಕೆಲಸ ಕಡಿಮೆಯಾಗಿ ಈಗ ಟ್ರಾಕ್ಟರಿನ ಟ್ರೇಲರುಗಳಿಗೆ ಬೆಸುಗೆ ಹಾಕುವವರು. ಕಲಿಸಲು ಬಂದಿದ್ದವರು ಕೆ.ಆರ್. ಪೇಟೆ ಕಡೆಯ ಒಬ್ಬ ನರ್ಸ್. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ಅವರ ಎದುರಿನ ಜಮಖಾನದ ಮೇಲೆ ಕೈಕಾಲುಗಳಿಲ್ಲದ ರಬ್ಬರಿನ ಗೊಂಬೆಯೊಂದು ಬಾಯಿ ತೆರೆದು ಮಲಗಿತ್ತು. ಬೇಕಾದಷ್ಟು ಆಳಕ್ಕೆ ಅದುಮಿದರೆ ಅದರ ಎದೆಯೊಳಗಿಂದ 'ಟಕ್' ಎಂದು ಸದ್ದು ಬರುತ್ತದೆ.

ಹೃದಯವನ್ನು ಕುರಿತು ನಾನು ತರಗತಿಯಲ್ಲಿ ಎಷ್ಟು ಮಾತಾಡಿದ್ದೆನೆಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ಹೃದಯಂಗಮ, ಹೃದಯವಂತ, ಸಹೃದಯ ಎಂದು ಕರಿಹಲಗೆಯ ಮೇಲೆ ಬರೆದು ಬರೆದು ಒರೆಸಿದ ನನಗೆ ಅದು ಎಲ್ಲಿದೆಯೆಂಬುದೇ ನೆಟ್ಟಗೆ ಗೊತ್ತಿರಲಿಲ್ಲ. ಎಡಗಡೆ ಅದುಮಲು ಹೋದವನ ಕೈಯನ್ನು ಸಿಸ್ಟರ್ ಎತ್ತಿ ಎದೆಯ ನಡುವಿನ ಮೂಳೆಯ ಕೆಳಭಾಗದ ಮೇಲಿಟ್ಟರು. ಅದುಮಿದೆ. ಗೊಂಬೆ ಮಾತಾಡಲಿಲ್ಲ. ಮತ್ತೆ ಅದುಮಿದೆ. "ಮೇಷ್ಟ್ರೇ, ಇಂಗೆ ಸವರುದ್ರೆ ಅದು ನಿದ್ದೆ ಮಾಡ್ತದೆ. ಎರಡಿಂಚು ಕೆಳಕ್ಕೆ ಓಗ್ಬೇಕು" ಎಂದರು ಸಿಸ್ಟರ್.

ದೋಷ ನನ್ನದಲ್ಲ, ವಂಶದ್ದು ಎಂದು ಹೇಳಿಕೊಳ್ಳಲೇ? ಚಿನ್ನದ ತೆಳು ತಗಡನ್ನು ಮುಟ್ಟುವ ಕೈ ಹೇಗಿರಬೇಕೆಂದು ಅಪ್ಪ ನಮ್ಮಿಬ್ಬರಿಗೂ ಎಳೆಯ ವಯಸ್ಸಿನಲ್ಲೇ ಕಲಿಸಿದ್ದರು. ಬೆರಳು ಒತ್ತಿದ್ದು ಕಂಡರೆ ಆ ಬೆರಳಿಗೇ ಚಿಮಟದಿಂದ ಏಟು ಬೀಳುತ್ತಿತ್ತು. ಕಸುಬು ನನ್ನ ಕೈ ಬಿಟ್ಟರೂ ಕೈ ಆ ಕಸುಬನ್ನು ಬಿಡಲಿಲ್ಲ. ಸಿದ್ದಾಚಾರಿಗಳ ಸಮಸ್ಯೆ ಬೇರೆ. ಅವರು ಅದುಮಿದಾಗಲೆಲ್ಲ ಗೊಂಬೆ 'ಟಕ್' ಎಂದು ಶರಣಾಗುತ್ತಿತ್ತು. ಆದರೆ ದೊಡ್ಡ ಸುತ್ತಿಗೆಯೆತ್ತುವವರಂತೆ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಉಸಿರೆಳೆದು ಸುಧಾರಿಸಿಕೊಳ್ಳುತ್ತಿದ್ದರು. ನಿಮಿಷಕ್ಕೆ ನೂರಕ್ಕೆ ಕಡಿಮೆಯಿಲ್ಲದಂತೆ, ನೂರಿಪ್ಪತ್ತು ದಾಟದಂತೆ ಅದುಮಬೇಕು, ಅದುಮಿದಷ್ಟೇ ಸಲ ಪೂರ್ತಿ ಸಡಿಲಬಿಟ್ಟು ಎದೆ ಮೇಲೇಳಲು ಬಿಡಬೇಕು ಎಂದು ಸಿಸ್ಟರ್ ಹೇಳಿದಾಗ ಸಿದ್ದಾಚಾರಿಗಳು ನನ್ನತ್ತ ತಿರುಗಿ, "ಅಕ್ಕಸಾಲಿ ನೂರು ಪೆಟ್ಟು, ಕಮ್ಮಾರನ್ದು ಒಂದೇ ಪೆಟ್ಟು ಅಂತಿದ್ರು ಇರೀಕ್ರು. ಇಲ್ಲಿ ಎರಡೂ ಬೇಕಂತೆ ಕಣಿ ಮೇಷ್ಟ್ರೇ" ಎಂದರು. ಇಡೀ ದಿನದ ಪಾಠದ ಸಾರ ಅದೊಂದೇ ಮಾತಿನಲ್ಲಿತ್ತು. ಒಂದೊಂದೂ ಕಮ್ಮಾರನ ಪೆಟ್ಟೇ ಆಗಬೇಕು, ಲೆಕ್ಕ ಮಾತ್ರ ಅಕ್ಕಸಾಲಿಯದು.

ಮಧ್ಯಾಹ್ನ ಊಟವಾದ ಮೇಲೆ ಮಾಡಬಾರದ್ದನ್ನು ಹೇಳತೊಡಗಿದರು. ಗಾಯಕ್ಕೆ ಕಾಫಿಪುಡಿ ಮೆತ್ತಬಾರದು. ಮೂರ್ಛೆ ಬಂದವರ ಕೈಗೆ ಬೀಗದಕೈ ತುರುಕಬಾರದು. ಸುಟ್ಟ ಬೆರಳಿಗೆ ಹಲ್ಲುಜ್ಜುವ ಪೇಸ್ಟು ಹಚ್ಚಬಾರದು, ನಲ್ಲಿಯ ಕೆಳಗೆ ಹಿಡಿಯಬೇಕು. ಬಾಳೆಲ್ಲ ನಾವು ಪರೋಪಕಾರವೆಂದು ಮಾಡಿದ್ದೆಲ್ಲ ಒಂದೊಂದಾಗಿ ಅಪಚಾರದ ಪಟ್ಟಿಗೆ ಸೇರುತ್ತಿದ್ದುದನ್ನು ಕಂಡು ಸಭೆ ಮಂಕಾಯಿತು. ಎಚ್ಚರತಪ್ಪಿದವರಿಗೆ ನೀರು ಕುಡಿಸಬಾರದು ಎಂದಾಗಲಂತೂ ಮಾಕವಳ್ಳಿಯ ಚಾಲಕನೊಬ್ಬ ಎದ್ದು ನಿಂತು, "ಒಂದು ಲೋಟ ನೀರೂ ಕೊಡ್ಬಾರ್ದು ಅಂದ್ರೆ ಮನುಸತ್ವ ಎಲ್ಲದೆ ಸಿಸ್ಟರ್?" ಎಂದು ಕೇಳಿಯೇಬಿಟ್ಟ. ಸಿಸ್ಟರ್ ಸಮಾಧಾನವಾಗಿಯೇ, "ಎಚ್ಚರ ಇದ್ದು ಕೇಳ್ದೋರಿಗೆ ಕೊಡಣ್ಣ. ಇಲ್ದೋರಿಗೆ ಕೊಟ್ರೆ ಅದು ಒಟ್ಟೆಗೋಗಕಿಲ್ಲ, ಉಸಿರಿನ ದಾರೀಗೋಯ್ತದೆ" ಎಂದರು.

ನನಗೆ ಆಮೇಲಿನ ಪಾಠ ಕೇಳಿಸಲಿಲ್ಲ. ಅಪ್ಪ ಕೆಲಸದ ಮಣೆಯ ಮೇಲೆಯೇ ಒರಗಿದಾಗ ನನಗೆ ಇಪ್ಪತ್ತಾರು ವರ್ಷ. ನಾನು ಮಾಡಿದ್ದು ಒಂದೇ ಕೆಲಸ: ಅಡುಗೆಮನೆಗೆ ಓಡಿ ನೀರು ತಂದದ್ದು. ತುಳುಕದಂತೆ ಎಚ್ಚರಿಕೆಯಿಂದ ತಂದೆ. ತುಟಿಗೆ ಹಿಡಿದೆ. ಒಳಗೆ ಹೋದದ್ದೆಷ್ಟೋ ಕಾಣೆ, ಬಾಯಿಯ ಕೊನೆಯಿಂದ ಹರಿದು ಅಂಗಿಯ ಕತ್ತುಪಟ್ಟಿ ನೆನೆದದ್ದನ್ನು ಮಾತ್ರ ನೋಡಿದೆ. ಬೀದಿಯ ಜನರೆಲ್ಲ ಸುತ್ತ ನಿಂತು, ಕೊನೆಗಾಲಕ್ಕೆ ಮಗನ ಕೈಯಲ್ಲಿ ನೀರು ಕುಡಿದರು ಎಂದು ನನ್ನನ್ನು ಹೊಗಳಿದ್ದರು. ಅಂದು ಎದೆಯೊತ್ತುವುದು ಗೊತ್ತಿದ್ದರೆ ಅಪ್ಪ ಉಳಿಯುತ್ತಿದ್ದರೆಂದು ನಾನು ಹೇಳಲಾರೆ. ಆದರೆ ಆ ಹೊಗಳಿಕೆಯನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದೆನಲ್ಲ, ಅದು ಆ ಮಧ್ಯಾಹ್ನ ಬಹಳ ಭಾರವಾಯಿತು. ಅಣ್ಣಯ್ಯನ ವಿಷಯದಲ್ಲೂ ನಾನು ಲೋಟ ಹಿಡಿದು ನಿಂತವನಾಗಬಾರದು ಎಂದು ನಿಶ್ಚಯಿಸಿಕೊಂಡೆ.

ಹೊಸದಾಗಿ ವಿದ್ಯೆ ಕಲಿತವನ ಕೈ ಸುಮ್ಮನಿರುವುದಿಲ್ಲ. ಮುಂದಿನ ವಾರ ಕೆ.ಆರ್. ಪೇಟೆಗೆ ಮದುವೆಗೆಂದು ಹೋಗುತ್ತಿದ್ದಾಗ ಬಸ್ಸು ಚಿನಕುರಳಿಯಲ್ಲಿ ನಿಂತಿತು. ಪಕ್ಕದ ಸಾಲಿನಲ್ಲಿ ಹಸಿರು ಟವೆಲ್ಲಿನ ಹಿರಿಯರೊಬ್ಬರು ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಅಲ್ಲಾಡದೆ ಕೂತಿದ್ದರು. ಗೊಂಬೆಯ ಬಾಯಿಯೂ ಹೀಗೆಯೇ ತೆರೆದಿತ್ತು. ಪಾಠದ ಮೊದಲ ಮೆಟ್ಟಿಲು ನೆನಪಾಯಿತು; ಎರಡೂ ಹೆಗಲು ತಟ್ಟಿ, "ಯಜಮಾನ್ರೇ, ಎಚ್ಚರ ಇದೆಯಾ?" ಎಂದು ಗಟ್ಟಿಯಾಗಿ ಕೂಗಿದೆ. ಅವರು ಒಂದು ಕಣ್ಣು ತೆರೆದು, "ಇರ್ಲಿಲ್ಲ. ಈಗ ನೀನೇ ಬರ್ಸ್ದಲ್ಲ" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಉಸಿರಾಡುತ್ತಿದ್ದೀರೋ ಇಲ್ಲವೋ ಎಂದು ಗಾಬರಿಯಾಯಿತು ಎಂದು ತೊದಲಿದೆ. ಅವರು ಕಿಟಕಿಯ ಕಡೆ ಸರಿದು, "ಕೂತ್ಕೊ ಬಾ. ಇಂಗೆ ಯಾರೂ ಕೇಳಾಕಿಲ್ಲ ಬುಡು" ಎಂದರು. ಕೆ.ಆರ್. ಪೇಟೆ ತಲುಪುವಷ್ಟರಲ್ಲಿ ಅವರ ಬೆನ್ನುನೋವು, ಎಮ್ಮೆ, ಸೊಸೆ ಎಲ್ಲರ ಕ್ಷೇಮಸಮಾಚಾರವೂ ನನಗೆ ತಿಳಿದಿತ್ತು.

ಆಳದ ಮಾತು ಹಾಗಿರಲಿ, ತಾಳದ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಿಮಿಷಕ್ಕೆ ನೂರು ನೂರಿಪ್ಪತ್ತರ ಗತಿಯನ್ನು ಕಿವಿಯಲ್ಲಿ ನಿಲ್ಲಿಸಿಕೊಳ್ಳುವುದು ಹೇಗೆ? ಕೈಗಡಿಯಾರ ನೋಡುತ್ತ ಊರೂರಿನ ಸದ್ದುಗಳನ್ನು ಎಣಿಸತೊಡಗಿದೆ. ಗಂಜಾಂನಲ್ಲಿ ನಿಮಿಷಾಂಬೆಯ ದರ್ಶನಕ್ಕೆ ಹೋದವನು ಹೊಳೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುವವರ ಪಕ್ಕ ನಿಂತು ಎಣಿಸಿದೆ. ನಲವತ್ತೂ ದಾಟಲಿಲ್ಲ, ಜೊತೆಗೆ ಅವರು ಕೆಕ್ಕರಿಸಿ ನೋಡಿದರು. ಚಿನಕುರಳಿಯ ಹತ್ತಿರ ಕಲ್ಲು ಒಡೆಯುವವರದು ಸಿದ್ದಾಚಾರಿಗಳ ಗತಿ. ಕಬ್ಬಿನ ಹಾಲಿನ ಯಂತ್ರದ ಗೆಜ್ಜೆಗೆ ತಾಳವೇ ಇಲ್ಲ. ಹೆಂಡತಿ ಬೆಳ್ಳುಳ್ಳಿ ಜಜ್ಜುವ ಗತಿ ಸರಿಯಾಗಿತ್ತು; ಆದರೆ ಹತ್ತು ಪೆಟ್ಟಿಗೆ ಬೆಳ್ಳುಳ್ಳಿ ಮುಗಿಯುತ್ತಿತ್ತು, ಹೀಗೆಯೇ ಇನ್ನೆರಡು ನಿಮಿಷ ಜಜ್ಜು ಎಂದು ಕೇಳಿದ್ದಕ್ಕೆ ಆಕೆ ಕುಟ್ಟಾಣಿಯನ್ನೇ ನನ್ನ ಕೈಗೆ ಕೊಟ್ಟಳು.

ಒಂದು ಬೆಳಿಗ್ಗೆ ಪತ್ರಿಕೆ ಹಿಡಿದು ಕೂತಿದ್ದಾಗ ಗೋಡೆಯಾಚೆಯಿಂದ ಅಣ್ಣಯ್ಯನ ಸುತ್ತಿಗೆಯ ಸದ್ದು ಬಂತು. ಹುಟ್ಟಿದಾರಭ್ಯ ಕೇಳಿದ ಸದ್ದು, ಆದ್ದರಿಂದಲೇ ಕೇಳಿಸದ ಸದ್ದು. ಗಡಿಯಾರ ನೋಡುತ್ತ ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದೆ. ನಿಮಿಷಕ್ಕೆ ನೂರೆಂಟು. ಇನ್ನೊಮ್ಮೆ ಎಣಿಸಿದೆ, ನೂರಹನ್ನೆರಡು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟು ಸಲ ವಿಸ್ತರಿಸಿ ಬರೆಯಲು ಹೇಳಿದ್ದೆನೋ, ನನಗೇ ಅರ್ಥವಾಗಲು ಇಷ್ಟು ಕಾಲ ಬೇಕಾಯಿತು. ಅಂದಿನಿಂದ ಆ ಸದ್ದಿಗೆ ಸರಿಯಾಗಿ ದಿಂಬು ಅದುಮುವುದು ನನ್ನ ನಿತ್ಯಕರ್ಮವಾಯಿತು.

ನಾಲ್ಕಾರು ದಿನಗಳಲ್ಲಿ ಇನ್ನೊಂದು ಚೋದ್ಯ ಗಮನಕ್ಕೆ ಬಂತು. ಸುತ್ತಿಗೆ ಸುಮಾರು ಮೂವತ್ತು ಪೆಟ್ಟು ಬಿದ್ದು ನಿಲ್ಲುತ್ತಿತ್ತು. ಒಮ್ಮೆ ಇಪ್ಪತ್ತೆಂಟು, ಒಮ್ಮೆ ಮೂವತ್ತಮೂರು. ಎರಡು ಉಸಿರಿನಷ್ಟು ಹೊತ್ತು ಮೌನ, ಮತ್ತೆ ಶುರು. ಸಿಸ್ಟರ್ ಹೇಳಿದ್ದೂ ಅದನ್ನೇ ಅಲ್ಲವೇ, ಮೂವತ್ತು ಸಲ ಅದುಮಿ ಎರಡು ಸಲ ಉಸಿರು ಕೊಡಿ ಎಂದು? ನಮ್ಮ ಕುಲಕಸುಬಿನಲ್ಲೇ ವೈದ್ಯಶಾಸ್ತ್ರ ಅಡಗಿದೆ ಎಂದು ಉಬ್ಬಿಹೋಗಿ ಹೆಂಡತಿಗೆ ವಿವರಿಸಿದೆ. ಅವರೆಕಾಯಿ ಸುಲಿಯುತ್ತಿದ್ದ ಆಕೆ ತಲೆಯೆತ್ತದೆ, "ಬಾವ್ನೋರು ಮೊದ್ಲು ಅಂಗೆ ನಿಲ್ಲುಸ್ತಿರ್ಲಿಲ್ವಲ್ಲ" ಎಂದಳು.

ನನ್ನ ಪಾಂಡಿತ್ಯ ಅಲ್ಲಿಗೇ ನಿಂತಿತು. ಪೆಟ್ಟುಗಳನ್ನು ಎಣಿಸಿ ಸಂಭ್ರಮಪಟ್ಟವನು ನಡುವಿನ ಮೌನ ಏಕೆಂದು ಕೇಳಿಕೊಂಡಿರಲಿಲ್ಲ. ಆಚೆ ಮನೆಗೆ ಹೋದೆ. "ವಯಸ್ಸಾಯ್ತು ಕಣ್ಲಾ, ಬುಡು" ಎಂದ ಅಣ್ಣಯ್ಯ. ಕೆದಕಿದಾಗ ಗೊತ್ತಾಯಿತು, ನಾಲ್ಕು ತಿಂಗಳಿಂದ ಡಾಕ್ಟರ ಬಳಿ ಹೋಗಿಲ್ಲ, ಎರಡು ಮಾತ್ರೆಗಳನ್ನು ತಾನೇ ನಿಲ್ಲಿಸಿದ್ದಾನೆ, ಅತ್ತಿಗೆಗೂ ಹೇಳಿಲ್ಲ. ನನಗೆ ಸಿಟ್ಟೂ ಹೆದರಿಕೆಯೂ ಒಟ್ಟಿಗೇ ಬಂದವು. ಆದರೆ ಅಕ್ಕಸಾಲಿಯ ಮುಂದೆ ಉಪದೇಶ ನಡೆಯುವುದಿಲ್ಲ, ಅಳತೆ ನಡೆಯುತ್ತದೆ. ವಾರದಿಂದ ಗುರುತು ಹಾಕಿಕೊಂಡಿದ್ದ ಚೀಟಿಯನ್ನು ಮುಂದಿಟ್ಟು, ಇಷ್ಟು ಪೆಟ್ಟಿಗೆ ನಿಲ್ಲುತ್ತಿದ್ದೀಯೆ ಅಣ್ಣಯ್ಯ, ಮೊದಲು ಹೀಗೆ ನಿಲ್ಲುತ್ತಿರಲಿಲ್ಲ ಎಂದೆ. ಒಂದು ಗುಲಗಂಜಿಯಷ್ಟು ಹೆಚ್ಚುಕಡಿಮೆಗೂ ನಿದ್ದೆಗೆಡುವ ಮನುಷ್ಯ ಅದನ್ನು ಎರಡು ಸಲ ಓದಿದ. ಮರುದಿನ ಮೈಸೂರಿಗೆ ಹೋದೆವು. ಡಾಕ್ಟರು ಚೆನ್ನಾಗಿ ಬೈದು, ಬಿಟ್ಟ ಮಾತ್ರೆಗಳನ್ನು ಮತ್ತೆ ಶುರುಮಾಡಿ ಇನ್ನೊಂದನ್ನು ಸೇರಿಸಿದರು. ತಿಂಗಳು ಕಳೆಯುವಷ್ಟರಲ್ಲಿ ಸುತ್ತಿಗೆ ಅರವತ್ತು ದಾಟಿ ನಿಲ್ಲತೊಡಗಿತು.

ಒಂದು ಸಂಜೆ ಅಣ್ಣಯ್ಯ ನಮ್ಮ ಬಾಗಿಲಿಗೆ ಬಂದು, ನಾನು ಮಂಡಿಯೂರಿರುವುದನ್ನು ಸ್ವಲ್ಪ ಹೊತ್ತು ನೋಡಿ, "ನಿನ್ ದಿಂಬ್ನ ತಕೊಂಡು ಬಾ" ಎಂದು ತನ್ನ ಕೋಣೆಗೆ ಕರೆದ. ಒಡವೆಯಿಡದ ಬರಿಯ ಅಡಿಗಲ್ಲಿನ ಮೇಲೆ ಸುತ್ತಿಗೆ ಬಡಿಯತೊಡಗಿದ. ನಾನು ಅದುಮಿದೆ. "ಇನ್ನೂ ಸವರ್ತಾ ಇದ್ದೀಯ. ತಗಡಲ್ಲ ಕಣ್ಲಾ ಅದು, ನನ್ನೆದೆ" ಎಂದ. ಆಮೇಲೆ ನಾನು ಹೇಗೆ ಅದುಮಿದೆನೋ ತಿಳಿಯದು. ಅಂಗೈಗೆ ಕೆಳಗಿನ ನೆಲ ತಾಗಿತು. ಅಣ್ಣಯ್ಯ ಸುತ್ತಿಗೆ ಕೆಳಗಿಟ್ಟು ಅಂಗಿಯ ಗುಂಡಿ ಬಿಚ್ಚಿ, "ಎಲ್ಲಿ ಒತ್ತೋದು, ತೋರ್ಸು" ಎಂದ. ಬದುಕಿರುವವರ ಎದೆಯನ್ನು ಅಭ್ಯಾಸಕ್ಕೆ ಅದುಮಬಾರದು, ಜಾಗ ಮಾತ್ರ ತೋರಿಸುತ್ತೇನೆ ಎಂದು ಅಂಗೈಯಿಟ್ಟೆ. ಯುಗಾದಿಗೊಮ್ಮೆ, ಗೌರಿಹಬ್ಬಕ್ಕೊಮ್ಮೆ ಅವನ ಕಾಲು ಮುಟ್ಟಿದ್ದೆನೇ ಹೊರತು ಅಣ್ಣನ ಎದೆಯನ್ನು ನಾನು ಎಂದೂ ಮುಟ್ಟಿರಲಿಲ್ಲ. ಬೆಚ್ಚಗಿತ್ತು. ಒಳಗೆ ಅದು ಸುತ್ತಿಗೆಗಿಂತ ನಿಧಾನವಾಗಿ, ತನ್ನ ಪಾಡಿಗೆ ತಾನು ಬಡಿಯುತ್ತಿತ್ತು. ಕೈ ತೆಗೆಯಲು ಮನಸ್ಸಾಗಲಿಲ್ಲ.

ನಿನ್ನ ಸುತ್ತಿಗೆ ಇದ್ದರೆ ತಾಳ ತಪ್ಪುವುದಿಲ್ಲ ಅಣ್ಣಯ್ಯ ಎಂದೆ, ಏನಾದರೂ ಹೇಳಬೇಕಲ್ಲ ಎಂದು. ಅವನು ಗುಂಡಿ ಹಾಕಿಕೊಳ್ಳುತ್ತ ನಕ್ಕ. "ನಾನ್ ಬಿದ್ದಾಗ ತಾಳ ಆಕೋರು ಯಾರ್ಲಾ? ಈಗ್ಲೇ ಕಿವೀಲಿ ಮಡಿಕೊ."

ಮೊನ್ನೆ ಹೆಂಡತಿ ಆ ದಿಂಬನ್ನು ಬಿಚ್ಚಿ ಹೊಸ ಹತ್ತಿ ತುಂಬಿಸಿದಳು. ಹಳೆಯ ಹತ್ತಿ ಅದುಮಿದ್ದು ಅದುಮಿದಂತೆಯೇ ಉಳಿಯುತ್ತಿತ್ತು. ಇದು ಕೈ ಸಡಿಲಿಸಿದ ಕೂಡಲೇ ಮೇಲೆದ್ದು ಬರುತ್ತದೆ. ಗುಳಿ ಇನ್ನೂ ಬಿದ್ದಿಲ್ಲ, ಬೀಳುತ್ತದೆ. ಗೋಡೆಯಾಚೆ ಸುತ್ತಿಗೆ ಶುರುವಾದಾಗ ನಾನೂ ಶುರುಮಾಡುತ್ತೇನೆ. ನಡುವೆ ಅದು ನಿಂತರೆ ನಾನು ನಿಲ್ಲಿಸುವುದಿಲ್ಲ. ಅದೇ ಲೆಕ್ಕದಲ್ಲಿ ಅದುಮುತ್ತಲೇ ಇರುತ್ತೇನೆ, ಆಚೆಯ ಸದ್ದು ಮತ್ತೆ ಕೇಳುವ ತನಕ.