ಏಳು ಬಟ್ಟಲು ಭತ್ತ

ಅಂಗಡಿಯ ಅಕ್ಕಿಗೆ ಈಗ ವಾಸನೆಯೇ ಇರುವುದಿಲ್ಲ. ಹೋದ ವಾರ ಮಾತ್ರ ಹಾನಗಲ್ಲಿನ ಗೆಳತಿಯೊಬ್ಬಳು ತಮ್ಮ ಗದ್ದೆಯದೆಂದು ಒಂದು ಸಣ್ಣ ಚೀಲ ಹೊಸ ಅಕ್ಕಿ ಕಳಿಸಿದ್ದಳು. ಶಿಗ್ಗಾಂವಿಯ ನನ್ನ ಬಾಡಿಗೆ ಮನೆಯಲ್ಲಿ ಅದರ ಬಾಯಿ ಬಿಚ್ಚಿದ್ದೇ ತಡ, ಬೆಚ್ಚನೆಯ, ತುಸು ಸಿಹಿಯಾದ, ಗಂಟಲಲ್ಲಿ ಕೆರೆಯುವಂಥ ತೌಡಿನ ವಾಸನೆ ಮುಖಕ್ಕೆ ಬಂತು. ಮಣಿಕಟ್ಟಿನವರೆಗೆ ಕೈಯನ್ನು ಅಕ್ಕಿಯೊಳಗೆ ಹುಗಿದು ಹಾಗೇ ನಿಂತುಬಿಟ್ಟೆ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಬಾಲ್ಯ ನೆನೆದರೆ ಕಣ್ಣು ತುಂಬಿಕೊಳ್ಳುವವರನ್ನು ನೀವು ಕಂಡಿರುತ್ತೀರಿ, ನೀವೇ ಅಂಥವರಿರಬಹುದು. ನನಗೆ ಕಣ್ಣು ತುಂಬುವ ಮೊದಲು ಸಿಟ್ಟು ಬರುತ್ತದೆ. ಇಷ್ಟು ವರ್ಷವಾದ ಮೇಲೆ ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದ ಸಿಟ್ಟು ಅದು.

ಹಾನಗಲ್ಲಿನ ಅಂಚಿನಲ್ಲಿ ನಮ್ಮದೊಂದು ಮಣ್ಣಿನ ಗೋಡೆಯ ಹಂಚಿನ ಮನೆಯಿತ್ತು. ಈಗ ಆ ಜಾಗದಲ್ಲಿ ಗೊಬ್ಬರದ ಅಂಗಡಿ ಇದೆ. ಆ ಮನೆಯಲ್ಲಿ ಅಪ್ಪ, ಅವ್ವ, ನಾನು, ಒಂದು ಎಮ್ಮೆ, ಮತ್ತೆ ಅವ್ವನ ತಾಯಿ ಗಂಗವ್ವ, ನನ್ನ ಆಯಿ. ಆಯಿ ಮಾಸೂರಿನವಳು, ಮದಗದ ಕೆರೆಯ ನೀರುಣ್ಣುವ ಗದ್ದೆಗಳಲ್ಲಿ ಕೂಲಿ ಮಾಡುತ್ತ ಬೆಳೆದವಳು. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದಳು. ಸುಗ್ಗಿಯಲ್ಲಿ ಅಂಗಳದ ತುಂಬ ಭತ್ತ ಹರವಿ, ಸೀರೆ ಎತ್ತಿ ಕಟ್ಟಿ, ಪಾದದಿಂದ ಸಾಲು ಸಾಲಾಗಿ ಕೆದರುತ್ತ ನಡೆಯುವಳು. ಕಾದ ಭತ್ತದ ಆ ಸರಸರ ಸಪ್ಪಳ ಕೇಳುತ್ತ ನಾನು ಹೊಸ್ತಿಲ ಮೇಲೆ ಕೂತು ಬಾಯಿಪಾಠ ಮಾಡುತ್ತಿದ್ದೆ. ಕೊನೆಗೆ ಅವಳು ಒಂದು ಕಾಳು ಆರಿಸಿ ದವಡೆ ಹಲ್ಲಿಗೆ ಕೊಟ್ಟು ಕಣ್ಣು ಅರ್ಧ ಮುಚ್ಚುವಳು. ಕಟ್ ಎಂದು ಮುರಿದರೆ ಒಣಗಿದೆ ಎಂದು ಯಾರು ಬೇಕಾದರೂ ಹೇಳಿಯಾರು. ಆಯಿಗೆ ಆ ಸಪ್ಪಳದಲ್ಲಿ ಇನ್ನೂ ಏನೇನೋ ತಿಳಿಯುತ್ತಿತ್ತು. ಇದು ಗಿರಣಿಯಲ್ಲಿ ನುಚ್ಚಾಗುತ್ತದೆ, ಇದು ಮಳೆಗಾಲ ದಾಟಿದರೂ ಕೆಡುವುದಿಲ್ಲ, ಇದಕ್ಕೆ ಇನ್ನೊಂದು ಮಧ್ಯಾಹ್ನದ ಬಿಸಿಲು ಬೇಕು ಎನ್ನುವಳು. ಹೇಳಿದ್ದು ಸುಳ್ಳಾದದ್ದನ್ನು ನಾನು ಕಂಡಿಲ್ಲ. ಹೇಗೆ ತಿಳಿಯುತ್ತದೆ ಎಂದು ಕೇಳಿದರೆ ನಗುವಳು.

“ಹಲ್ಲಿಗೆ ಗೊತ್ತಾಕೈತವ್ವ. ನನಗೇನ ಗೊತ್ತಿಲ್ಲ.”

ಆ ಹಲ್ಲಿನ ಸುದ್ದಿ ಅಕ್ಕಿ ಗಿರಣಿಯ ಸಾವಕಾರನಿಗೆ ಮುಟ್ಟಿತು. ಅಲ್ಲಿಂದ ಸುಗ್ಗಿ ಬಂತೆಂದರೆ ದಿನಾ ಮುಂಜಾನೆ ಆಯಿ ಗಿರಣಿಯ ಹಿತ್ತಲ ಕಟ್ಟೆಯ ಮೇಲೆ ಹೋಗಿ ಕೂಡತೊಡಗಿದಳು. ರೈತರು ಚೀಲ ಇಳಿಸುತ್ತಿದ್ದುದು ಮುಂಬಾಗಿಲಲ್ಲಿ. ಒಬ್ಬೊಬ್ಬರ ಚೀಲದಿಂದ ಒಂದೊಂದು ಬಟ್ಟಲು ಭತ್ತವನ್ನು ಹಮಾಲ ಒಳಗಿನಿಂದ ಅವಳ ಮುಂದೆ ತಂದಿಡುವನು. ಯಾರದೆಂದು ಅವನು ಹೇಳಬಾರದು, ಅವಳು ಕೇಳಬಾರದು. ಮುಖ ನೋಡಿ ಮಾತು ಬದಲಾಗಬಾರದೆಂದು ಸಾವಕಾರ ಹಾಕಿದ ಕಟ್ಟಳೆ. ಆಯಿಗೆ ಆ ಕಟ್ಟಳೆಯೆಂದರೆ ಎಲ್ಲಿಲ್ಲದ ಹೆಮ್ಮೆ. ತನ್ನಂಥ ಕೂಲಿ ಹೆಂಗಸಿನ ಮಾತಿಗೆ ಇಷ್ಟು ಬೆಲೆ ಕೊಟ್ಟಿದ್ದಾನಲ್ಲ ಎಂದು ಅವನನ್ನು ಹೊಗಳುವಳು. ಆ ಮಾತು ಮುಂಬಾಗಿಲಿಗೆ ಹೋಗಿ ಏನಾಗುತ್ತದೆಂದು ಎಂದೂ ವಿಚಾರಿಸಲಿಲ್ಲ. ಸಂಜೆ ಉಡಿಯಲ್ಲಿ ಒಂದಿಷ್ಟು ನುಚ್ಚು, ಎಮ್ಮೆಗೆ ಒಂದು ಬುಟ್ಟಿ ತೌಡು ತರುವಳು. ಅದೇ ಅವಳ ಪಗಾರ. ಸೀರೆಗೆಲ್ಲ ಆ ತೌಡಿನ ವಾಸನೆ. ಅದರ ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳದೆ ನನಗೆ ನಿದ್ದೆ ಬರುತ್ತಿರಲಿಲ್ಲ. ಆಯಿಗಿದ್ದ ಕೊರಗು ಒಂದೇ. ಓಣಿಯ ಹೆಂಗಸರು ಅವಳ ಜೊತೆ ಅಷ್ಟಕ್ಕಷ್ಟೇ ಇರುತ್ತಿದ್ದರು. ಅವಳು ನೀರಿಗೆ ಹೋದರೆ ನಳದ ಹತ್ತಿರದ ಮಾತು ನಿಂತುಬಿಡುತ್ತಿತ್ತು. ಗಂಡ ಸತ್ತವಳೆಂದು ದೂರ ಇಡುತ್ತಾರೆ ಎಂದುಕೊಂಡು ಸುಮ್ಮನಿದ್ದಳು.

ನಾನು ಶಾಲೆಯಲ್ಲಿ ಆರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಮೊದಲ ಸಲ ನಮ್ಮ ಭತ್ತವನ್ನೂ ಅಲ್ಲಿಗೇ ಒಯ್ದ. ಪಾಲಿಗೆ ಮಾಡಿದ ಗದ್ದೆಯ ಭತ್ತ, ಆಯಿಯೇ ಮೂರು ದಿನ ಕೆದರಿ ಒಣಗಿಸಿದ್ದು. ಸಂಜೆ ಅಪ್ಪ ಖಾಲಿ ಚೀಲಗಳನ್ನು ಪಡಸಾಲೆಯಲ್ಲಿ ಒಗೆದು, ಆಯಿಯ ಕಡೆ ನೋಡದೆ ಕೇಳಿದ.

“ನೀವ ಒಣಗ್ಸಿದ್ದ ಭತ್ತ ಹೆಂಗ ಹಸಿ ಆತ್ರಿ ಅತ್ತಿ?”

ಗಂಗವ್ವನ ಹಲ್ಲು ಹಸಿ ಎಂದಿದೆ, ಇನ್ನು ಮಾತಿಲ್ಲ ಎಂದು ಸಾವಕಾರ ತೂಕದಲ್ಲಿ ಕಡಿದುಕೊಂಡಿದ್ದನಂತೆ. ಅಪ್ಪನ ಜೊತೆ ಚೀಲ ಇಳಿಸಿದ ಇನ್ನೂ ಆರು ಜನರಿಗೂ ಅದೇ ಮಾತು. ಆಯಿ ಎಮ್ಮೆಗೆ ಕಲಸುತ್ತಿದ್ದ ತೌಡಿನಿಂದ ಕೈ ತೆಗೆಯಲಿಲ್ಲ. ತಲೆಯೆತ್ತದೆ ಹೇಳಿದಳು.

“ಇವತ್ತ ನನ್ನ ಮುಂದ ಬಂದದ್ದು ಏಳು ಬಟ್ಟಲ. ಏಳೂ ಒಣಗಿದ್ವು. ನಾ ಒಂದಕ್ಕೂ ಹಸಿ ಅಂದಿಲ್ಲ.”

ಆಗ ನಮಗೆಲ್ಲ ತಿಳಿಯಿತು. ಸಾವಕಾರನಿಗೆ ಅವಳ ನಿಜ ಬೇಕಿತ್ತು, ಯಾವ ಭತ್ತ ಕೂಡಿಡಬೇಕು, ಯಾವುದನ್ನು ಮೊದಲು ಗಿರಣಿಗೆ ಹಾಕಬೇಕು ಎಂದು ತನಗೆ ತಿಳಿಯಲಿಕ್ಕೆ. ಅದು ಹಿತ್ತಲಲ್ಲೇ ಉಳಿಯುತ್ತಿತ್ತು. ಮುಂಬಾಗಿಲಲ್ಲಿ ನಡೆಯುತ್ತಿದ್ದುದು ಅವಳ ಹೆಸರು ಮಾತ್ರ. ಎಷ್ಟು ಸುಗ್ಗಿಗಳಿಂದ ಹೀಗೆ ನಡೆದಿತ್ತೋ. ಹೆಂಗಸರು ನಳದ ಹತ್ತಿರ ಯಾಕೆ ಮಾತು ನಿಲ್ಲಿಸುತ್ತಿದ್ದರೆಂದು ಆಯಿಗೆ ಆ ಸಂಜೆ ಗೊತ್ತಾಯಿತು. ಅವಳು ಉಣ್ಣಲಿಲ್ಲ.

ಮರುದಿನ ಮುಂಜಾನೆ ನನ್ನ ಕೈ ಹಿಡಿದುಕೊಂಡು ಮೊದಲ ಸಲ ಮುಂಬಾಗಿಲಿಗೇ ನಡೆದಳು. ಹಿಂದೆಯೇ ಅಪ್ಪನೂ ಬಂದ. ಸಾವಕಾರ ಗಾದಿಯ ಮೇಲೆ ಕೂತಿದ್ದ. ನಿನ್ನೆಯ ರೈತರಲ್ಲಿ ನಾಲ್ಕೈದು ಜನ ರೊಕ್ಕಕ್ಕಾಗಿ ಗೋಡೆಗೆ ಒರಗಿ ಕಾಯುತ್ತಿದ್ದರು. ಆಯಿ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಸಾವಕಾರ್ರ, ನಿನ್ನೆ ಏಳೂ ಒಣಗ್ಯಾವು ಅಂತ ಹೇಳಿ ಕಳಿಸಿದ್ನಿ. ಹಸಿ ಅಂದದ್ದು ಯಾರ ಹಲ್ಲರಿ?”

ಅವನು ಸಿಟ್ಟಿಗೇಳಲಿಲ್ಲ. ಸಿಟ್ಟಿಗೆದ್ದಿದ್ದರೆ ಎಷ್ಟೋ ಚಲೋ ಇತ್ತು. ಮನೆಯ ಹಿರಿಯರ ಬಗ್ಗೆ ಮಾತಾಡುವವರ ಹಾಗೆ ಮೆಲ್ಲಗೆ, ಅಪ್ಪನ ಕಡೆ ತಿರುಗಿ ಅಂದ.

“ಗಂಗವ್ವಗ ವಯಸ್ಸಾತಪಾ. ಹಲ್ಲೂ ಸಡ್ಲಾಗ್ಯಾವು, ನೆಪ್ಪೂ ಹಾರಾಕತ್ತೈತಿ. ಮನಿಗೆ ಕರ್ಕೊಂಡ ಹೋಗ.”

ಆಯಿ ಗೋಡೆಗೆ ಒರಗಿದವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಒಬ್ಬ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಒಬ್ಬ ನಕ್ಕ. ಅಪ್ಪ ಏನಾದರೂ ಅಂದಾನು ಎಂದು ನಾನು ಅವನ ಅಂಗಿ ಹಿಡಿದು ಜಗ್ಗಿದೆ. ಅಪ್ಪ, “ನಡೀರಿ ಅತ್ತಿ,” ಎಂದು ಅವಳ ರಟ್ಟೆ ಹಿಡಿದ. ಪಾಲಿನ ಗದ್ದೆ ಸಾವಕಾರನ ತಮ್ಮನದು ಎಂಬುದು ನನಗೆ ದೊಡ್ಡವಳಾದ ಮೇಲೆ ಗೊತ್ತಾಯಿತು. ಗೊತ್ತಾದರೂ ಆ ಕೈಯನ್ನು ನಾನು ಮನಸಾರೆ ಕ್ಷಮಿಸಿಲ್ಲ.

ಮುಂದಿನ ಸುಗ್ಗಿಗೆ ಗಿರಣಿಗೆ ತೇವ ಅಳೆಯುವ ಮಷೀನು ಬಂತು. ಅದರ ಅಂಕಿ ಕಾಣುವ ಮುಖ ಯಾವಾಗಲೂ ಗಾದಿಯ ಕಡೆಗೇ ಇರುತ್ತಿತ್ತೆಂದು ಅಪ್ಪ ಹೇಳುತ್ತಿದ್ದ. ಆಯಿ ಮತ್ತೆ ಒಂದು ಕಾಳನ್ನೂ ಬಾಯಿಗೆ ಹಾಕಲಿಲ್ಲ. ಮನೆಯ ಭತ್ತವನ್ನು ಕಣಜಕ್ಕೆ ತುಂಬಬಹುದೇ ಎಂದು ಅವ್ವ ಕೇಳಿದರೆ, ತನ್ನ ನೆಪ್ಪು ಹಾರಿದೆಯಲ್ಲ ಎಂದು ಎದ್ದು ಹೋಗುವಳು. ಮೊದಮೊದಲು ಚುಚ್ಚಿ ಆಡುತ್ತಿದ್ದ ಮಾತು. ಬರಬರುತ್ತ ಅವಳೇ ಅದನ್ನು ನಂಬತೊಡಗಿದಳು. ಅಂದು ಏಳೂ ನಿಜವಾಗಿ ಒಣಗಿದ್ದವೇನು ಎಂದು ನನ್ನನ್ನು ಕೇಳುವಳು. ನಾನು ಹೌದೆಂದರೆ, ನೀನು ಸಣ್ಣಾಕಿ ನಿನಗೇನು ತಿಳಿಯುತ್ತದೆ ಎನ್ನುವಳು. ಆ ವಿದ್ಯೆಯನ್ನು ಅವಳಿಂದ ಯಾರೂ ಕಲಿಯಲಿಲ್ಲ. ನಾನು ಡಿಗ್ರಿ ಓದುವಾಗ ಅವಳು ತೀರಿಕೊಂಡಳು.

ಹೋದ ವರ್ಷ ಹಾನಗಲ್ಲಿನ ಒಂದು ಮದುವೆಯಲ್ಲಿ ಊಟಕ್ಕೆ ಕೂತಾಗ ಪಕ್ಕದ ಮುದುಕ ನನ್ನ ಗುರುತು ಹಿಡಿದ. ಅಂದು ರುಮಾಲು ಬಿಚ್ಚಿ ಸುತ್ತಿಕೊಂಡವನು ಅವನೇ. ನಿಮ್ಮ ಆಯಿಯಂಥ ಹಲ್ಲು ಮತ್ತೆ ಬರಲಿಲ್ಲ ಎಂದು ಹೊಗಳಿದ. ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿ, ದನಿ ತಗ್ಗಿಸಿ ಮುಂದುವರಿಸಿದ.

“ಆಕಿ ಹಸಿ ಅಂದಿಲ್ಲ ಅನ್ನೂದು ಅವತ್ತ ನಮಗೆಲ್ಲಾ ಗೊತ್ತಿತ್ತವಾ. ಮುಂದಿನ ವರ್ಷ ಎಲ್ಲಿ ಮಾರೂನು ಅಂತ ಸುಮ್ಮ ನಿಂತ್ವಿ.”

ಅವನು ಅದನ್ನು ನನಗೆ ಸಮಾಧಾನವಾಗಲೆಂದೇ ಹೇಳಿದ್ದ. ಬಡಿಸುವವರು ಬಂದರು, ಅವನು ಇನ್ನಷ್ಟು ಸಾರು ಹಾಕಿಸಿಕೊಂಡ. ಅವಳ ಹಲ್ಲು ತಪ್ಪಿರಲಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಸತ್ತವಳು ಆಯಿ ಒಬ್ಬಳೇ.