ಬಾವಿ ಇಳಿಯುವ ಕಂತು

ಹಾನಗಲ್ಲಿನ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ನನಗೆ ಕೆಲಸ. ಬೆಳಿಗ್ಗೆ ರಕ್ತ ತೆಗೆದುಕೊಳ್ಳುವುದು, ಮಧ್ಯಾಹ್ನ ರಿಪೋರ್ಟು ಕೊಡುವುದು. ನಡುವೆ ಯಂತ್ರ ತಿರುಗುತ್ತಿರುವಾಗ ಸಿಗುವ ಬಿಡುವಿನಲ್ಲಿ ಫೋನಿನಲ್ಲಿ ಇಂಗ್ಲಿಷಿಗೆ ತಂದ ಕೊರಿಯಾದ ಕಾಮಿಕ್ಸ್ ಚಿತ್ರಕಥೆಗಳನ್ನು ಓದುತ್ತೇನೆ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅಪ್ಪನ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಹತ್ತಿದ ಚಟ ಇದು. ಒಳಗೆ ಬಂದವರೆಲ್ಲ ಅಪ್ಪನಿಗೆ ‘ಆರಾಮ ಆಗ್ತೀರಿ’ ಎಂದು ಹೇಳಿ ಹೊರಗೆ ಬಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಅಂಥ ದಿನಗಳಲ್ಲಿ ನನಗೆ ಪ್ರೇಮಕಥೆ ಓದಲಾಗಲಿಲ್ಲ. ಶಾಪ ನಿಜವಾಗುವ, ಸತ್ತವರು ಎದ್ದು ಬರುವ, ಒಳ್ಳೆಯವರು ಉಳಿಯುತ್ತಾರೆಂದು ಯಾರೂ ಮಾತು ಕೊಡದ ಕಥೆಗಳನ್ನೇ ಹುಡುಕಿದೆ. ಅಪ್ಪ ಹೋದರು. ಕಥೆಗಳ ರುಚಿ ಹೋಗಲಿಲ್ಲ.

ಇವುಗಳಲ್ಲಿ ಪುಟ ತಿರುಗಿಸುವುದಿಲ್ಲ. ಹೆಬ್ಬೆರಳಿನಿಂದ ತಳ್ಳುತ್ತ ಹೋದರೆ ಚಿತ್ರಗಳು ಒಂದರ ಕೆಳಗೊಂದು ಬರುತ್ತವೆ. ವಾರಕ್ಕೊಂದು ಕಂತು. ಕಂತಿನ ಕೊನೆಗೆ ಲೋಕದ ಜನರೆಲ್ಲ ಬಂದು ತಮಗೆ ಅನಿಸಿದ್ದನ್ನು ಬರೆಯುತ್ತಾರೆ. ಒಮ್ಮೆ ಆ ರಾಶಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಒಂದು ಸಾಲು ಕಂಡಿತು: ‘ಯವ್ವಾ, ಎದಿ ಒಡದಂಗಾತು.’ ನನಗೆ ಮೈ ಜುಮ್ಮೆಂದಿತು. ಕೆಳಗೆ ಬರೆದೆ: ‘ಯಾವೂರ್ರಿ?’ ಸ್ವಲ್ಪ ಹೊತ್ತಿಗೆ ಉತ್ತರ ಬಂತು: ‘ಸವಣೂರ.’

ಹಾಗೆ ಪರಿಚಯವಾದವಳು ಅವಳು. ಮನೆಯಲ್ಲಿ ಹೊಲಿಗೆ ಮಾಡುತ್ತಾಳೆ, ಮುಸ್ಲಿಮರ ಮನೆಯ ಹೆಣ್ಣುಮಗಳು, ನನಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವಳು. ನನಗೆ ಗೊತ್ತಿದ್ದದ್ದು ಅಷ್ಟೇ. ಆಮೇಲೆ ಶಿಗ್ಗಾಂವಿಯಲ್ಲಿ ಮೊಬೈಲ್ ರಿಪೇರಿ ಮಾಡುವವನೊಬ್ಬ, ಹಿರೇಕೆರೂರಿನ ಶಾಲೆಯ ಮಾಸ್ತರರೊಬ್ಬರು ಸಿಕ್ಕರು. ನಾಲ್ಕು ಊರಿನ ನಾಲ್ಕು ಜನ ಒಂದು ಗುಂಪು ಮಾಡಿಕೊಂಡೆವು. ಒಬ್ಬರ ಮುಖ ಇನ್ನೊಬ್ಬರು ನೋಡಿರಲಿಲ್ಲ. ಮನೆಯ ವಿಷಯ ಯಾರೂ ಎತ್ತುತ್ತಿರಲಿಲ್ಲ, ಅದೇ ಹಿತವೆನಿಸುತ್ತಿತ್ತು. ಗುಂಪಿಗೆ ಇದ್ದದ್ದು ಒಂದೇ ನಿಯಮ, ಮಾಸ್ತರರು ಮಾಡಿದ್ದು: ‘ಯಾವ ಕತಿ ಓದ್ರಿ ಅಂತ ಹೇಳ್ರಿ. ಒಳಗ ಏನಾಗ್ತೈತಿ ಅಂತ ಹೇಳಬ್ಯಾಡ್ರಿ.’

ನಮ್ಮಲ್ಲಿ ಹೊಸ ಕಥೆಗಳನ್ನು ಹೆಚ್ಚು ಹುಡುಕಿ ತರುತ್ತಿದ್ದವಳು ನಾನೇ. ನಾನು ಹೇಳಿದ್ದನ್ನು ಉಳಿದ ಮೂವರು ಓದಲು ಶುರು ಮಾಡಿದರೆಂದರೆ ಮನೆಗೆ ನೆಂಟರು ಬಂದಷ್ಟು ಸಡಗರ. ‘ಎಲ್ಲಿಗೆ ಬಂದ್ರಿ? ಎಷ್ಟನೇ ಕಂತು?’ ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದೆ. ಅವರು ಬೆಚ್ಚಿದರೆ ನನಗೆ ಖುಷಿ, ಅತ್ತರೆ ಇನ್ನೂ ಖುಷಿ. ಕಥೆ ಬರೆದವಳು ನಾನೇ ಎಂಬಂತೆ ಬೀಗುತ್ತಿದ್ದೆ.

ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಕಥೆ ಕೈಗೆ ಸಿಕ್ಕಿತು. ಬೇಸಿಗೆಯೇ ಬಾರದ ಒಂದು ಊರು. ಅಲ್ಲಿ ಸತ್ತವರ ಬಟ್ಟೆ ಒಗೆಯುವ ಒಬ್ಬ ಹೆಂಗಸು. ಅವಳ ಸಣ್ಣ ಮಗ ಊರ ಬಾವಿಯಲ್ಲಿ ಬೀಳುತ್ತಾನೆ. ಬಾವಿಯ ತಳದಲ್ಲಿ ಒಬ್ಬ ಅರಸನಿದ್ದಾನೆ, ಬಿದ್ದವರು ಅವನ ಪಾಲು ಎಂದು ಊರವರು ಹಗ್ಗ ಇಳಿಸಲು ಒಪ್ಪುವುದಿಲ್ಲ. ತಾಯಿ ಒಬ್ಬಳೇ ಇಳಿಯುತ್ತಾಳೆ. ಹನ್ನೊಂದನೇ ಕಂತಿಡೀ ಅದೇ. ಮಾತಿಲ್ಲ, ಬರೀ ಕಪ್ಪು. ಓದುವವರ ಹೆಬ್ಬೆರಳು ತಳ್ಳಿದಷ್ಟೂ ಅವಳು ಕೆಳಗಿಳಿಯುತ್ತಾಳೆ. ಬಾವಿ ಅವಳಿಂದ ಮೊದಲು ಕೂದಲು, ಆಮೇಲೆ ದನಿ, ಆಮೇಲೆ ಒಂದು ಕಣ್ಣು ಕಿತ್ತುಕೊಳ್ಳುತ್ತದೆ. ನಾನು ಅದನ್ನು ಓದಿ ಮುಗಿಸಿದಾಗ ಲ್ಯಾಬಿನ ಯಂತ್ರ ನಿಂತು ಎಷ್ಟೋ ಹೊತ್ತಾಗಿತ್ತು.

ಕೂಡಲೇ ಗುಂಪಿನಲ್ಲಿ ಬರೆದೆ. ಆ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ: ‘ಇಂಥಾದ್ದು ನೀವು ಓದೇ ಇಲ್ಲ. ಏನೂ ಹೇಳೂದಿಲ್ಲ. ಹನ್ನೊಂದನೇ ಕಂತಿನ್ಯಾಗ ಒಂದು ಬಾವಿ ಬರ್ತೈತಿ, ಅಲ್ಲೀತನಕ ಬಿಡಬ್ಯಾಡ್ರಿ. ಆಮ್ಯಾಲ ನನಗ ಬೈರಿ.’ ಕೊನೆಗೆ ನಗುವ ಮುಖದ ಚಿತ್ರ ಬೇರೆ ಹಾಕಿದ್ದೆ.

ಶಿಗ್ಗಾಂವಿಯವನು ಎರಡೇ ದಿನದಲ್ಲಿ ಓದಿ ಕೈಮುಗಿದ ಚಿತ್ರ ಕಳಿಸಿದ. ಮಾಸ್ತರರು ನಿಧಾನ, ಐದನೇ ಕಂತಿನಲ್ಲಿದ್ದರು. ಸವಣೂರಿನವಳು ಮೊದಲ ದಿನ ‘ಚಲೋ ಐತ್ರಿ’ ಎಂದಳು, ಎರಡನೇ ದಿನ ‘ಹುಡುಗನ್ನ ಎಷ್ಟು ಚಂದ ಬರದಾರ’ ಎಂದಳು. ನಾನು ಕೇಳಿದೆ: ‘ಬಾವಿ ಬಂತೇನು?’ ಅವಳು ನನ್ನ ಸಾಲು ನೋಡಿದ ಗುರುತು ಫೋನಿನಲ್ಲಿ ಬಿತ್ತು. ಉತ್ತರ ಬರಲಿಲ್ಲ. ಮರುದಿನ ಮತ್ತೆ ಕೇಳಿದೆ: ‘ಬಾವಿಗೆ ಬಂದ್ರಿಲ್ಲ?’ ಸಂಜೆಗೆ ನೋಡಿದರೆ ಅವಳು ಗುಂಪು ಬಿಟ್ಟುಹೋಗಿದ್ದಳು.

ಮನೆಯವರು ಫೋನ್ ಕಸಿದುಕೊಂಡಿರಬೇಕೆಂದು ನಾವು ತಿಳಿದೆವು. ವಾರವಾದ ಮೇಲೆ ಶಿಗ್ಗಾಂವಿಯವನು ನನಗೆ ಫೋನ್ ಮಾಡಿದ. ಅವನ ಅಕ್ಕನನ್ನು ಸವಣೂರಿಗೆ ಕೊಟ್ಟಿದ್ದಾರೆ.

‘ಅಕ್ಕನ್ನ ಕೇಳಿದ್ನಿರಿ,’ ಎಂದ. ‘ಅಕ್ಕ ಆಕೀ ಕಡೇನ ಜಂಪರ ಹೊಲಸ್ತಾಳಂತ, ನಂಬರ ನೋಡಿ ಗುರ್ತಾ ಹಿಡದ್ಲು. ಆಕೀಗೆ ಒಂದ ಗಂಡುಮಗಾ ಇತ್ತಂತ್ರಿ. ನಾಕು ವರ್ಷದ್ದು. ತವರಮನಿ ಎಲಿತೋಟದಾಗ ಆಡಕೋಂತ ಹೋಗಿ…’

‘ಹೋಗಿ?’

‘ಬಾವ್ಯಾಗ ಬಿತ್ತಂತ್ರಿ.’

ನನ್ನ ಕೈಯಲ್ಲಿ ಯಾರದೋ ರಿಪೋರ್ಟು ಇತ್ತು. ಅದನ್ನು ಬೇರೆ ಯಾರಿಗೋ ಕೊಟ್ಟು, ಅವರು ಮರಳಿ ಬಂದು ಬೈದಾಗಲೇ ಎಚ್ಚರವಾಯಿತು.

ಫೋನಿನಲ್ಲಿ ಕ್ಷಮೆ ಕೇಳಲು ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದೆ. ಮುಂದಿನ ಭಾನುವಾರ ಅವನ ಅಕ್ಕ ಹೇಳಿದ ಗುರುತಿನ ಮೇಲೆ ಬಸ್ಸು ಹತ್ತಿ ಸವಣೂರಿಗೆ ಹೋದೆ. ಮಸೀದಿಯ ಹಿಂದಿನ ಓಣಿ. ಬಾಗಿಲಲ್ಲಿ ಅವಳ ಅತ್ತೆ ಕೂತಿದ್ದರು. ಬಟ್ಟೆ ಹೊಲಿಸುವವಳೆಂದು ತಿಳಿದು ಒಳಗೆ ಬಿಟ್ಟರು. ಹೊಲಿಗೆ ಯಂತ್ರದ ಮುಂದೆ ಒಬ್ಬ ತೆಳ್ಳನೆಯ ಹೆಂಗಸು ಸೂಜಿಗೆ ದಾರ ಪೋಣಿಸುತ್ತಿದ್ದಳು.

‘ನಾನು ಹಾನಗಲ್ಲಿನಾಕಿ,’ ಎಂದೆ.

ಅವಳು ದಾರ ಪೋಣಿಸಿ ಮುಗಿಸಿದಳು. ಆಮೇಲೆ, ‘ಬರ್ರಿ. ಕುಂದರ್ರಿ,’ ಎಂದಳು. ಅತ್ತೆಗೆ ಉರ್ದುವಿನಲ್ಲಿ ಚಹಾದ ಮಾತು ಹೇಳಿ ಅವರನ್ನು ಒಳಗೆ ಕಳಿಸಿದಳು.

‘ನನಗ ಗೊತ್ತಿರ್ಲಿಲ್ಲ,’ ಎಂದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅಷ್ಟೇ ಹೊರಗೆ ಬಂತು.

‘ಗೊತ್ತಿರ್ಲಿಲ್ಲ, ಖರೆ. ಆದ್ರ ನೀವು ಬಾವಿ ಬಂತೇನು, ಬಾವಿ ಬಂತೇನು ಅಂತ ಎರಡೆರಡು ಸಲ ಕೇಳಿದ್ರಿ. ಜಾತ್ರಿ ಬಂತೇನು ಅಂತ ಕೇಳಿದಂಗ.’

ನಾನು ತಲೆ ತಗ್ಗಿಸಿದೆ. ಅವಳು ದನಿ ಏರಿಸಲಿಲ್ಲ. ಅಳಲೂ ಇಲ್ಲ. ಹೊಲಿಯುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲೆ ಮಡಚುತ್ತ, ಬಿಚ್ಚುತ್ತ ಹೇಳಿದಳು:

‘ಆವತ್ತ ನಾನು ಬಾವಿ ದಂಡಿಗೆ ಓಡಿ ಹೋದಾಗ ನಾಕು ಮಂದಿ ಹೆಣಮಕ್ಕಳು ನನ್ನ ಹಿಡಕೊಂಡ್ರು. ಕೆಳಗ ನೋಡಾಕ ಬಿಡ್ಲಿಲ್ಲ. ಆಮ್ಯಾಲ ಎಲ್ಲಾರೂ ಸಬರ್ ಮಾಡು, ತಡಕೋ ಅಂತಾರ. ಇಳೀಬೇಕಿತ್ತು ಅಂತ ಯಾರೂ ಅನ್ನಂಗಿಲ್ಲ. ಆ ಕತಿಯೊಳಗಿನಾಕಿ ಇಳದ್ಲು. ಅದನ್ನ ನೋಡಿ ಮೊದಲು ಫೋನ್ ಒಗದ್ನಿ. ಮರುದಿನ ಮತ್ತ ತಗದ್ನಿ. ದಿನಾ ಸ್ವಲ್ಪ ಸ್ವಲ್ಪ ಆಕೀ ಜೋಡಿ ಇಳ್ಯಾಕತ್ತೇನಿ. ಆಕಿ ಕಣ್ಣ ಹೋಗೂ ಜಾಗಾಕ್ಕ ನಿಂತೇನಿ. ಕೈ ಮುಂದ ಹೋಗವಲ್ದು.’

ಒಳಗೆ ಪಾತ್ರೆಯ ಸದ್ದಾಯಿತು. ಅವಳು ಸ್ವಲ್ಪ ಮುಂದೆ ಬಾಗಿದಳು.

‘ನೀವು ತಳಾತನಕ ಓದೀರಿ. ಅಲ್ಲಿ ಏನೈತಿ? ಹೇಳ್ರಿ ನನಗ.’

ನಾನು ಸುಳ್ಳು ಹೇಳಬಹುದಿತ್ತು. ಮಗ ಸಿಗುತ್ತಾನೆ, ಮುಂದೆ ಓದಿ ಎನ್ನಬಹುದಿತ್ತು. ಆದರೆ ಅಪ್ಪನ ಹಾಸಿಗೆಯ ಸುತ್ತ ನಿಂತವರ ಮುಖಗಳು ನೆನಪಾದವು.

‘ಹುಡುಗ ಅಲ್ಲೇ ಕುಂತಿರ್ತಾನ,’ ಎಂದೆ. ‘ಜೀವಂತ ಇರ್ತಾನ. ಆದ್ರ ಅವ್ವನ ಗುರ್ತಾ ಹಿಡಿಯಂಗಿಲ್ಲ. ಯಾರು ನೀ ಅಂತ ಕೇಳ್ತಾನ. ಆಕೀಗೆ ಹೇಳಾಕ ದನಿ ಇರಂಗಿಲ್ಲ.’

ಅವಳು ತೊಡೆಯ ಮೇಲಿನ ಬಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಮುಖ ಕೆಂಪಾಯಿತು. ಮೊದಲ ಸಲ ಅವಳ ದನಿ ಏರಿತು.

‘ಸುಳ್ಳದು. ಬರದಾಂವ ಗಂಡಸೇನು?’

‘ಗೊತ್ತಿಲ್ರಿ. ಕೊರಿಯಾದ ಹೆಸರು, ನನಗ ತಿಳಿಯಂಗಿಲ್ಲ.’

‘ಗಂಡಸ ಇರಬೇಕು. ಕೂದಲಾ ಹೋಗಲಿ, ಕಣ್ಣ ಹೋಗಲಿ, ನನ್ನ ಮಗಾ ನನ್ನ ಕೈ ಮೂಸಿನೋಡಿದ್ರ ಸಾಕು, ಗುರ್ತಾ ಹಿಡೀತಿದ್ದ. ಕತ್ತಲದಾಗ ಹಿಡೀತಿದ್ದ.’ ಅವಳು ಕೈ ಮುಂದೆ ಚಾಚಿದಳು, ನನಗೆ ತೋರಿಸುವಂತೆ. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಕಲೆಗಳು. ಹಾಗೆ ಚಾಚಿದ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ಅತ್ತೆ ಚಹಾ ತಂದರು. ಸೊಸೆ ಅಳುವುದನ್ನು ಕಂಡು ಕಪ್ಪುಬಸಿಯನ್ನು ನೆಲದ ಮೇಲಿಟ್ಟರು. ‘ಏನ್ ಅಂದಿ ನೀ ಆಕೀಗೆ?’ ಎಂದು ನನ್ನನ್ನು ಕೇಳಿದರು. ದೂರದ ದೇಶದವರು ಯಾರೋ ಬರೆದ ಚಿತ್ರವೊಂದನ್ನು ಈ ಮನೆಯೊಳಗೆ ತಂದು ಇಳಿಸಿದ್ದೆ. ಅವಳೇ ಕಣ್ಣೊರೆಸಿಕೊಂಡು, ‘ಏನಿಲ್ಲ ಬಿಡ್ರಿ, ಗೆಳತಿ ಅದಾಳ,’ ಎಂದಳು. ಚಹಾ ಕುಡಿದೆ. ಅದರ ರುಚಿ ನೆನಪಿಲ್ಲ. ಏಳುವಾಗ ಅವಳು, ‘ಇನ್ನ ಮ್ಯಾಲ ಯಾರಿಗರ ಓದ್ರಿ ಅಂತ ಹೇಳೂದಿದ್ರ ಮೊದಲು ಮನ್ಯಾಗ ಯಾರ್ ಯಾರ್ ಅದೀರಿ ಅಂತ ಕೇಳ್ರಿ,’ ಎಂದಳು. ಅವಳು ಗುಂಪಿಗೆ ಮರಳಲಿಲ್ಲ. ಬಾ ಎಂದು ನಾನೂ ಕರೆಯಲಿಲ್ಲ.

ಗುಂಪು ಆಮೇಲೆ ಸೊರಗಿತು. ಒಮ್ಮೆ ಮಾಸ್ತರರು ಹೊಸದೇನಾದರೂ ಹೇಳಿ ಎಂದಾಗ ಒಂದು ಕಥೆ ಹೇಳಿದೆ. ಅದರಲ್ಲಿ ಬೆಂಕಿ ಇದೆ, ನೇಣು ಇದೆ, ತಂಗಿಯೊಬ್ಬಳು ಸಾಯುತ್ತಾಳೆ ಎಂದು ಎಲ್ಲವನ್ನೂ ಮೊದಲೇ ಬರೆದೆ. ‘ಇಷ್ಟೆಲ್ಲಾ ಹೇಳಿದ ಮ್ಯಾಲ ಓದೂದೇನ ಉಳೀತ್ರಿ?’ ಎಂದು ಅವರು ಬೇಸರಪಟ್ಟರು. ಓದಲಿಲ್ಲ. ಈಗಲೂ ಆ ಬಾವಿಯ ಕಥೆಯೇ ನಾನು ಓದಿದವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಎನಿಸುತ್ತದೆ. ಆದರೆ ಆಮೇಲೆ ಯಾರಿಗೂ ಅದನ್ನು ಓದಿ ಎಂದು ಹೇಳಿಲ್ಲ.

ಹೋದ ವರ್ಷ ಅದು ಮುಗಿಯಿತು. ತಾಯಿ ಮೇಲೆ ಬರುವುದಿಲ್ಲ. ಅರಸನ ಮನೆಯಲ್ಲಿ ಬಟ್ಟೆ ಒಗೆಯುವವಳಾಗಿ ತಳದಲ್ಲೇ ಉಳಿಯುತ್ತಾಳೆ, ದಿನವೂ ಮಗನ ಅಂಗಿ ಅವಳ ಕೈಗೆ ಬರುತ್ತದೆ. ಅದನ್ನು ಓದಿದ ದಿನ ಯಾರಿಗಾದರೂ ಹೇಳಬೇಕೆಂದು ಬಹಳ ಅನಿಸಿತು. ಫೋನ್ ತಿರುವಿಹಾಕಿ ಕೆಲಸಕ್ಕೆ ಕೂತೆ.

ಕೆಲವು ತಿಂಗಳ ಹಿಂದೆ ಶಿಗ್ಗಾಂವಿಯ ಬಸ್ ನಿಲ್ದಾಣದಲ್ಲಿ ಅವಳು ಎದುರಾದಳು. ಕೈಯಲ್ಲಿ ಅಂಚು ಹೊಲಿದ ಸೀರೆಗಳ ಗಂಟು. ಇನ್ನೂ ತೆಳ್ಳಗಾಗಿದ್ದಳು. ಆರಾಮ ಅದೀರೇನು ಎಂದು ಇಬ್ಬರೂ ಕೇಳಿಕೊಂಡೆವು. ಆಮೇಲೆ ಅವಳೇ ಕೇಳಿದಳು:

‘ಮುಗೀತೇನ್ರಿ ಅದು?’

‘ಮುಗೀತ್ರಿ.’

‘ಆಕಿ ಮ್ಯಾಲ ಬಂದ್ಲೇನು?’

‘ಇಲ್ರಿ.’

ಅವಳು ಗಂಟನ್ನು ಇನ್ನೊಂದು ಕೈಗೆ ಬದಲಿಸಿದಳು. ‘ಯಾಕ ಬರ್ತಾಳ?’ ಎಂದಳು. ಅಷ್ಟರಲ್ಲಿ ಸವಣೂರಿನ ಬಸ್ಸು ಬಂತು. ಜನ ಬಾಗಿಲಿಗೆ ಮುಗಿಬಿದ್ದರು, ಅವಳೂ ಅವರ ನಡುವೆ ದಾರಿ ಮಾಡಿಕೊಂಡು ಹತ್ತಿದಳು.